ಶೆಡ್ಡಿನಲ್ಲೊಂದು ಸಂಸಾರ

ಮನೆ ಕಟ್ಟಲು ಹೊರಟವನಿಗೆ ನಗುವಂಥ ಪ್ರಸಂಗಗಳು ಕರೆಯದೆಯೇ ಬರುತ್ತವೆ; ಶೆಡ್ಡು ಕಟ್ಟಿ ಅದನ್ನೇ ಮನೆ ಎನ್ನುವವನಿಗಂತೂ ಬಿಡುವೇ ಇರುವುದಿಲ್ಲ. ಶೆಡ್ಡು ಎಂದರೆ ನಿಮಗೆ ಗೊತ್ತಿರುವುದೇ, ಆದರೂ ಹೇಳಿಬಿಡುತ್ತೇನೆ: ಕಬ್ಬಿಣದ ಕಂಬ, ಮೇಲೆ ತಗಡಿನ ಇಳಿಜಾರು ಛಾವಣಿ, ಒಳಗೆ ಲಾರಿ ನಿಲ್ಲುವಷ್ಟು ಎತ್ತರ. ನಮ್ಮದರಲ್ಲಿ ಹಿಂದಿನ ಅರ್ಧಕ್ಕೆ ಇಟ್ಟಿಗೆ ಗೋಡೆ ಎಬ್ಬಿಸಿ ಎರಡು ಕೋಣೆ, ಒಂದು ಅಡುಗೆಮನೆ; ಮುಂದಿನ ಅರ್ಧ ಖಾಲಿ. ನಾಂಪಲ್ಲಿಯ ಕಚೇರಿಯಿಂದ ನಿವೃತ್ತನಾದಾಗ ಬಂದದ್ದರಲ್ಲಿ ಊರಾಚೆ ಜಾಗ ಕೊಂಡ ಮೇಲೆ ಇಷ್ಟೇ ಸಾಧ್ಯವಿತ್ತು.

ನನ್ನ ಹೆಂಡತಿಗೆ ಇದು ಒಪ್ಪಿಗೆಯಿರಲಿಲ್ಲ. ಸನತ್‌ನಗರದ ಬಾಡಿಗೆ ಮನೆಯನ್ನು ಬಿಡಲು ಅವಳು ಒಪ್ಪಲಿಲ್ಲ. "ಗೃಹಪ್ರವೇಶಕ್ಕ ಬರ್ತೀನಿ, ಉಂಡು ವಾಪಸ್ ಹೋಗ್ತೀನಿ. ಶೆಡ್ಡಿನ್ಯಾಗ ನೀವ ಇರ್ರಿ" ಎಂದಳು. ಅವಳು ಹೇಳಿದ್ದನ್ನು ಮಾಡುವವಳು. ಮೂವತ್ತು ವರ್ಷ ಜೊತೆಗಿದ್ದ ಮೇಲೆ ಒಬ್ಬನೇ ಇರುವುದು ಹೇಗೆಂದು ನನಗೆ ನಿಜವಾಗಿಯೂ ಭಯವಾಗಿತ್ತು.

೧. ಮಾಲು ಯಾವುದು?

ಕಬ್ಬಿಣದ ಕೆಲಸಕ್ಕೆ ಸನತ್‌ನಗರದ ಒಬ್ಬ ವೆಲ್ಡಿಂಗ್ ಮೇಸ್ತ್ರಿಯನ್ನು ಹಿಡಿದೆವು. ಅವನು ಅದುವರೆಗೆ ಗೋದಾಮು, ಕೋಳಿ ಫಾರಂ ಬಿಟ್ಟು ಬೇರೇನೂ ಕಟ್ಟಿದವನಲ್ಲ. ಹಾಗಾಗಿ ಅಳತೆ ಬರೆದುಕೊಳ್ಳುವ ಮೊದಲೇ, ಒಳಗೆ ಯಾವ ಮಾಲು ಇಡುತ್ತೀರಿ ಎಂದು ಹಿಂದಿಯಲ್ಲಿ ಕೇಳಿದ. ಮಾಲು ಏನೂ ಇಲ್ಲ, ನಾವಿಬ್ಬರೇ ಎಂದೆ. ಅವನು ತಲೆಯಾಡಿಸಿ ಅದನ್ನೂ ಬರೆದುಕೊಂಡ. ಆಮೇಲೆ ರೂಢಿಯಂತೆ ಮುಂದಿನ ಪ್ರಶ್ನೆ: ನೀರು ಬಿದ್ದರೆ ಕೆಡುವಂಥದ್ದೋ, ಕೆಡದಿರುವಂಥದ್ದೋ?

ನನ್ನ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಒಂದು ಕೆಡೂದಿಲ್ಲ, ಇನ್ನೊಂದು ಮೊದಲ ಕೆಟ್ಟೈತಿ ಅಂತ ಹೇಳ್ರಿ" ಎಂದಳು.

೨. ಉಳ್ಳಾಗಡ್ಡಿ

ತಗಡು ಹೊದಿಸಿದ ವಾರದಲ್ಲೇ ಈರುಳ್ಳಿ ವ್ಯಾಪಾರಿಯೊಬ್ಬರು ಗಾಡಿ ನಿಲ್ಲಿಸಿ ಒಳಗೆ ಬಂದರು. ಗೋದಾಮು ಬಾಡಿಗೆಗೆ ಸಿಗುತ್ತದೆಯೇ ಎಂದು ತೆಲುಗಿನಲ್ಲಿ ಕೇಳಿದರು. ಇದು ವಾಸದ ಮನೆ ಎಂದು ನಾನು ವಿವರವಾಗಿ ಹೇಳಿದೆ. ಹಿಂದೆ ಕೋಣೆಗಳು ಏಳಲಿರುವ ಜಾಗವನ್ನೂ ತೋರಿಸಿದೆ. ಅವರು ಛಾವಣಿ ನೋಡಿದರು, ಮತ್ತೆ ನನ್ನ ಮುಖ ನೋಡಿದರು.

ಅಷ್ಟರಲ್ಲಿ, ಅಂದು ಕೆಲಸ ನೋಡಲು ಬಂದಿದ್ದ ನನ್ನ ಹೆಂಡತಿ ಅವರಿಗೆ ನೀರು ಕೊಟ್ಟು, ಎಷ್ಟು ಚೀಲ, ಯಾವಾಗ ತರುತ್ತೀರಿ ಎಂದು ವಿಚಾರಿಸತೊಡಗಿದ್ದಳು. ಹಾಗಾದರೆ ನಾನು ಎಲ್ಲಿರಬೇಕು ಎಂದು ಮೆಲ್ಲಗೆ ಕನ್ನಡದಲ್ಲಿ ಕೇಳಿದೆ.

"ನೀವೂ ಒಂದು ಮೂಲ್ಯಾಗ ಇರ್ರಿ. ಉಳ್ಳಾಗಡ್ಡಿ ಏನು ಬ್ಯಾಡ ಅಂತಾವೇನು?"

೩. ಅಡುಗೆಮನೆ ಕಿಟಕಿ

ಗೋಡೆ ಕಟ್ಟುವ ಗೌಂಡಿ ಯಾದಗಿರಿ ಕಡೆಯವನು. ಭಾನುವಾರ ನನಗೆ ಬುತ್ತಿ ತರುವ ನೆಪದಲ್ಲಿ ಬರುತ್ತಿದ್ದ ನನ್ನ ಹೆಂಡತಿಗೆ ಅವನ ಭಾಷೆ ಹಿತವಾಯಿತು. ಅವನು ಇಟ್ಟ ಕಿಟಕಿ ಮಾತ್ರ ಹಿಡಿಸಲಿಲ್ಲ. ಪಡುವಣ ಬಿಸಿಲು ನೇರವಾಗಿ ಒಲೆಯ ಮೇಲೆ ಬೀಳುತ್ತದೆ ಎಂದಳು. ಉತ್ತರಕ್ಕೆ ಇಟ್ಟೆವು. ಮುಂದಿನ ಭಾನುವಾರ, ಒಗ್ಗರಣೆ ಹೊಗೆ ಕೋಣೆಗೆ ಹೋಗುತ್ತದೆ ಎಂದಳು. ಮೂಡಣಕ್ಕೆ ಇಟ್ಟೆವು. ಅದರ ಮುಂದಿನ ಭಾನುವಾರ, ಇನ್ನೊಂದು ಗೇಣು ಮೇಲಿರಬೇಕು ಎಂದಳು.

ಮೂರನೆಯ ಸಲ ಗೋಡೆ ಒಡೆಯುತ್ತ ಗೌಂಡಿ ನನ್ನನ್ನು ಕೇಳಿದ: "ಅಕ್ಕಾರು ಇಲ್ಲಿ ಇರೂದಿಲ್ಲ ಅಂದಿದ್ರಲ್ಲರಿ?"

"ಹೌದಪ್ಪ, ಇರೂದಿಲ್ಲ."

"ಇರ್ತೀನಿ ಅಂದಿದ್ರ ನನ್ನ ಗತಿ ಏನಾಗ್ತಿತ್ತರಿ?"

೪. ಮೊದಲು ಒಳಗೆ ಬಂದವಳು

ಗೃಹಪ್ರವೇಶದಲ್ಲಿ ಮೊದಲು ಆಕಳು ಒಳಗೆ ಹೋಗಬೇಕು, ಅದರ ಹಿಂದೆ ಮನೆಯವರು. ಆಕಳು ಹೊರಬಂದ ಮೇಲೆ ಹಾಲು ಉಕ್ಕಿಸುವುದು. ಸಾಮಾನ್ಯವಾಗಿ ಆಕಳು ನುಣುಪಾದ ಟೈಲ್ಸ್ ಕಂಡು ಹೊಸ್ತಿಲಲ್ಲೇ ಬೆದರಿ ನಿಲ್ಲುತ್ತದೆ. ಆಚಾರ್ಯರು ಅದಕ್ಕೆಂದೇ ಒಂದು ಚಿಪ್ಪು ಬಾಳೆಹಣ್ಣು ತರಿಸಿದ್ದರು.

ನಮ್ಮಲ್ಲಿ ಒಂದು ಹಣ್ಣೂ ಬೇಕಾಗಲಿಲ್ಲ. ಆಕಳು ಎತ್ತರದ ತಗಡು, ಒರಟು ನೆಲ ನೋಡಿತು, ತವರಿಗೆ ಬಂದಂತೆ ತಾನಾಗಿಯೇ ಒಳಗೆ ಹೋಯಿತು, ನಡುವೆ ನಿಂತು ಒಂದು ಸುತ್ತು ತಿರುಗಿ, ಆರಾಮಾಗಿ ಮಲಗಿಬಿಟ್ಟಿತು. ಮೆಲುಕು ಹಾಕತೊಡಗಿತು. ಹಣ್ಣು ತೋರಿಸಿದರೆ ಮಲಗಿದಲ್ಲೇ ತಿಂದಿತು. ಹಗ್ಗ ಎಳೆದ ಅದರ ಯಜಮಾನ, ತನ್ನ ಕೊಟ್ಟಿಗೆಯೂ ಇಷ್ಟು ಚೆನ್ನಾಗಿಲ್ಲ, ಅದರದೇನೂ ತಪ್ಪಿಲ್ಲ ಎಂದು ತೆಲುಗಿನಲ್ಲಿ ಹೇಳಿದ. ಕೋಠಿಯಿಂದ ಬಂದಿದ್ದ ನೆಂಟರ ಹೆಂಗಸರು ನಗು ತಡೆಯಲು ಸೆರಗು ಕಚ್ಚಿಕೊಂಡರು. ಮುಹೂರ್ತ ಜಾರುತ್ತಿದೆ ಎಂದು ಆಚಾರ್ಯರು ಗಡಿಯಾರ ನೋಡಿದರು.

ನಾನು ಹೆಂಡತಿಯ ಮುಖ ನೋಡಲಿಲ್ಲ. ಇನ್ನು ಅವಳಿಗೆ ಬೇರೆ ಸಾಕ್ಷಿಯೇ ಬೇಕಿಲ್ಲ, ಊಟವನ್ನೂ ಮಾಡದೆ ಹೊರಡುತ್ತಾಳೆ ಎಂದುಕೊಂಡೆ.

ಅವಳು ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆಕಳ ಮುಂದೆ ಹೋಗಿ ನಿಂತಳು.

"ಏಳವ್ವ ತಾಯಿ. ನಿನಗ ಏನರ ತಿಳಿತೈತೋ ಇಲ್ಲೋ? ಇದು ಕೊಟ್ಟಿಗಿ ಅಲ್ಲ, ನನ್ನ ಮನಿ. ನಾ ಇಲ್ಲಿ ಒಲಿ ಹಚ್ಚಬೇಕು."

ಎಲ್ಲರೂ ಅವಳನ್ನೇ ನೋಡಿದರು. ನಾನಂತೂ ಆಕಳಿಗೆ ಮನಸ್ಸಿನಲ್ಲೇ ಕೈಮುಗಿದೆ. ಸಂಜೆಯೇ ಬಾಡಿಗೆ ಮನೆಯ ಮಾಲೀಕರಿಗೆ ಫೋನು ಮಾಡಿ, ಬಿಡುತ್ತೇವೆ ಎಂದು ಹೇಳಿದವಳೂ ಅವಳೇ.

ಹಾಲನ್ನು ಆಕಳ ಪಕ್ಕದಲ್ಲೇ ಉಕ್ಕಿಸಿದೆವು. ಆಕಳು ಮಾತ್ರ, ಈ ಮನೆ ಯಾರದೆಂಬ ಮಾತನ್ನು ಒಪ್ಪದೆ, ಊಟದ ಕೊನೆಯ ಪಂಕ್ತಿಯವರೆಗೂ ಏಳಲಿಲ್ಲ.