ಊರಿನ ವಯಸ್ಸು ಬರೆದಿದ್ದ ಮಳೆಪುಸ್ತಕ

ಆ ದಿನ ಬೆಳಗ್ಗೆ ತಮಿಳುನಾಡಿನ ಗಡಿಯ ಹಳ್ಳಿ ಬೇರಿಕೆಯ ಮೇಲೆ ಮೋಡವಿತ್ತು, ಮಳೆ ಇರಲಿಲ್ಲ. ಕೊಟ್ಟಿಗೆಯಲ್ಲಿ ಮಲಗಿದ ಎಮ್ಮೆಯ ಹಾಗೆ ಕಪ್ಪು ಮೋಡವೊಂದು ಕೆರೆಯ ಏರಿಗೆ ಒರಗಿಕೊಂಡು, ಏಳುವುದೂ ಇಲ್ಲ, ಹಾಲು ಕೊಡುವುದೂ ಇಲ್ಲ ಎಂಬಂತೆ ಬಿದ್ದಿತ್ತು. ಸರ್ಕಾರಿ ಬಂಗಲೆಯ ಕಾವಲುಗಾರ ಮುನಿಯಲ್ಲಪ್ಪ ಅದಕ್ಕೊಂದು ಕೈ ಮುಗಿದು, ಹಿತ್ತಲಿನ ಮಳೆ ಅಳೆಯುವ ಡಬ್ಬಿಯ ಕಡೆ ಹೊರಟ. ಇಪ್ಪತ್ತನಾಲ್ಕು ವರ್ಷದಿಂದ ಅವನಿಗೆ ಅದೇ ಬೆಳಗಿನ ಪೂಜೆ. ಡಬ್ಬಿಯ ನೀರನ್ನು ಗಾಜಿನ ಅಳತೆಗೆ ಸುರಿದು, ಭಗವಂತ ನಿನ್ನೆ ಈ ಊರಿಗೆ ಎಷ್ಟು ಕೊಟ್ಟ ಎಂದು ಪುಸ್ತಕದಲ್ಲಿ ಬರೆದಿಡುವುದು.

ಅರ್ಧ ದಾರಿಯಲ್ಲಿ ಬೇಲಿಯಾಚೆಯಿಂದ ನೆರೆಮನೆಯ ರಾಮಕ್ಕ ಕೂಗಿದಳು.

“ಮುನಿಯಲ್ಲಣ್ಣಾ, ನಿಂಗೊಂದು ಕಾಗ್ದ ಬಂದೈತೆ.”

“ಯಾವಾಗ ಬಂತು?”

“ಹೋದ ವಾರದ ಹಿಂದ್ಲು ವಾರ. ನೀನಿಲ್ಲ ಅಂತ ಪೋಸ್ಟಿನೋನು ನನ್ ಕೈಗೆ ಕೊಟ್ಟೋದ. ಮೇಲೆ ಸಿಂಹದ ಮುದ್ರೆ ಇತ್ತಾ, ನರಸಿಂಹಸ್ವಾಮಿ ಪ್ರಸಾದ ಇರ್ಬೌದು ಅಂತ ದೇವ್ರ ಗೂಡಲ್ಲಿಟ್ಟು ದಿನಾ ಊದ್ಗಡ್ಡಿ ಹಚ್ದೆ. ಇವತ್ತು ಗೂಡು ಸಾರಿಸೋವಾಗ ನೆಪ್ಪಾಯ್ತು.”

ಕುಂಕುಮ, ಎಣ್ಣೆಜಿಡ್ಡು ಮೆತ್ತಿಕೊಂಡು ಕಾಗದ ಅರ್ಧ ದೇವರೇ ಆಗಿಹೋಗಿತ್ತು. ತಮಿಳಿನಲ್ಲಿತ್ತು. ಮುನಿಯಲ್ಲಪ್ಪ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದತೊಡಗಿದ. ಓದುತ್ತ ಓದುತ್ತ, ಬಾವಿಯಲ್ಲಿ ಮುಳುಗುವ ಕೊಡದ ಹಾಗೆ ಗಂಟಲಲ್ಲಿ ಗುಳುಗುಳು ಸದ್ದು ಮಾಡಿ ಮೆಟ್ಟಿಲ ಮೇಲೆ ಕೂತುಬಿಟ್ಟ.

ವಿಷಯ ಇಷ್ಟು. ನೂರು ವರ್ಷದಿಂದ ಮಳೆ ಹೇಗೆ ಬದಲಾಗುತ್ತ ಬಂದಿದೆ ಎಂದು ತಿಳಿಯಲು ಮದರಾಸಿನವರೂ ಬೆಂಗಳೂರಿನವರೂ ಕೂಡಿ ಗಡಿಯ ಊರುಗಳ ಹಳೆಯ ಮಳೆಪುಸ್ತಕಗಳನ್ನು ಕಲೆಹಾಕುತ್ತಿದ್ದಾರೆ. ದೊಡ್ಡ ಆಫೀಸಿನಲ್ಲಿದ್ದ ನಕಲುಗಳನ್ನು ಗೆದ್ದಲು ತಿಂದಿದೆ. ಪುಸ್ತಕ ಸರಿಯಾಗಿದ್ದ ಊರಲ್ಲಿ ಮಳೆ ಕೇಂದ್ರ ಕಾಯಂ, ಅಳೆಯುವವನೂ ಕಾಯಂ. ಹಾಳೆ ಕಳೆದಿದ್ದರೆ ಡಬ್ಬಿ ಬೇರೆ ಊರಿಗೆ. ಪುಸ್ತಕ ಕಾಯ್ದವನ ಮೇಲೆ ಕ್ರಮ. ಅಧಿಕಾರಿಗಳು ಬರುವುದು ಇಂದು, ಸಂಜೆ ನಾಲ್ಕಕ್ಕೆ.

“ಏನಣ್ಣಾ, ಯಾರಾದ್ರೂ ಹೋಗ್ಬುಟ್ರಾ?” ಎಂದಳು ರಾಮಕ್ಕ.

“ಇನ್ನೂ ಇಲ್ಲ. ನಾಲ್ಕು ಗಂಟೆಗೆ ನಾನೇ ಹೋಗೋದು.”

ಪುಸ್ತಕವಂತೂ ಇತ್ತು. ಮುನಿಯಲ್ಲಪ್ಪನಿಗಿಂತ ಹಿಂದಿನವರು ಬರೆದದ್ದೂ ಸೇರಿ ಬಂಗಲೆಯ ಟ್ರಂಕಿನ ತುಂಬ ಇತ್ತು. ಆದರೆ ಅದರಲ್ಲಿ ಹನ್ನೊಂದು ಹಾಳೆ ಇರಲಿಲ್ಲ. ಅವನ್ನು ಇಲಿ ತಿಂದಿರಲಿಲ್ಲ, ಮುನಿಯಲ್ಲಪ್ಪನೇ ತನ್ನ ಕೈಯಾರೆ ಹರಿದು ಹಂಚಿದ್ದ.

ಹೊಸೂರಿನಲ್ಲಿ ಫ್ಯಾಕ್ಟರಿಗಳು ಎದ್ದಾಗ ಸುತ್ತಣ ಹುಡುಗರೆಲ್ಲ ಕೆಲಸ ಕೇಳಲು ಓಡಿದರು. ಫ್ಯಾಕ್ಟರಿಯವರು ಮೊದಲು ಕೇಳಿದ್ದು ಹುಟ್ಟಿದ ತಾರೀಕು. ಊರಲ್ಲಿ ಯಾರಿಗೂ ತಾರೀಕು ಇರಲಿಲ್ಲ. ಒಬ್ಬನು ಆಲಿಕಲ್ಲು ಬಿದ್ದ ದಿನ ಹುಟ್ಟಿದ್ದ. ಇನ್ನೊಬ್ಬನು ಕೆರೆ ಕೋಡಿ ಬಿದ್ದ ಮಾರನೆಯ ದಿನ. ತಾಯಂದಿರು ಬಂದು ಮಳೆ ಹೇಳಿದರೆ ಮುನಿಯಲ್ಲಪ್ಪ ಪುಸ್ತಕ ತಿರುವಿ ತಾರೀಕು ಹೇಳುತ್ತಿದ್ದ. ಬಾಯಿಮಾತಿಗೆ ಬೆಲೆಯಿಲ್ಲ ಎಂದು ಅವರು ಅತ್ತರೆ, ಆ ತಿಂಗಳ ಹಾಳೆಯನ್ನೇ ಹರಿದುಕೊಡುತ್ತಿದ್ದ. ಸರ್ಕಾರದ ಸೀಲಿದ್ದ ಹಾಳೆ. ಫ್ಯಾಕ್ಟರಿಯವರು ಬಾಯಿ ಮುಚ್ಚಿಕೊಂಡು ಒಪ್ಪಿದರು. ಹೀಗೆ ದೇವರು ಮಳೆ ಕೊಟ್ಟ, ಮುನಿಯಲ್ಲಪ್ಪ ವಯಸ್ಸು ಕೊಟ್ಟ.

ಈಗ ಕೊಟ್ಟದ್ದನ್ನು ವಾಪಸ್ ಕೇಳಬೇಕು.

“ನಾನೂ ಬತ್ತೀನಿ ನಡಿ. ನೀನು ಬಾಯಿಲ್ಲದೋನು,” ಎಂದು ರಾಮಕ್ಕ ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು.

ಮೊದಲ ಮನೆ ಹನುಮಕ್ಕನದು. ಅವಳ ಮಗ ಚೆನ್ನಕೇಶವ ಫ್ಯಾಕ್ಟರಿಯಲ್ಲಿದ್ದ. ಅವನ ಹಾಳೆಗೆ ಕಟ್ಟು ಹಾಕಿಸಿ, ವೆಂಕಟರಮಣನ ಪಟಕ್ಕೂ ಲಕ್ಷ್ಮಿಯ ಪಟಕ್ಕೂ ನಡುವೆ ನೇತುಹಾಕಿದ್ದರು. ಹನುಮಕ್ಕ ಹಾಳೆಗೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಂತಳು.

“ಇದನ್ನ ಕೊಟ್ಬುಟ್ರೆ, ನಾಳೆ ಫ್ಯಾಕ್ಟ್ರಿಯೋರು ನಿನ್ ಮಗ ಇನ್ನೂ ಹುಟ್ಟೇ ಇಲ್ಲ ಅಂತ ಆಚೆ ಕಳ್ಸಿದ್ರೆ?”

“ಹುಟ್ಟಿರೋನ್ನ ಹುಟ್ಟಿಲ್ಲ ಅಂತ ಹೆಂಗಂತಾರೆ ಹನುಮಕ್ಕ?”

“ಹುಟ್ಟಿ ಹದಿನೆಂಟು ವರ್ಷ ಎದುರಿಗೆ ನಿಂತಿದ್ರೂ ಕಾಗ್ದ ತೋರ್ಸು ಅಂದೋರಲ್ವಾ ಅವ್ರು?”

ಮುನಿಯಲ್ಲಪ್ಪ ಅಧಿಕಾರಿಗಳಿಂದ ನಕಲು ಬರೆಸಿ ಸೀಲು ಹಾಕಿಸಿ ಕೊಡುತ್ತೇನೆಂದು ವೆಂಕಟರಮಣನ ಎದುರಿಗೆ ಕೈ ಮೇಲೆ ಕೈಯಿಟ್ಟು ಆಣೆ ಮಾಡಿದ ಮೇಲೆ ಅವಳು ಪಟ ಇಳಿಸಿದಳು. ಇಳಿಸುವಾಗ ವಧುವನ್ನು ಗಂಡನ ಮನೆಗೆ ಕಳಿಸುವಂತೆ ಮೂಗು ಒರೆಸಿಕೊಂಡಳು.

ಎರಡನೆಯದು ಕೊಂಡಪ್ಪನ ಮನೆ. ಕೊಂಡಪ್ಪ ಫ್ಯಾಕ್ಟರಿಯಲ್ಲಿ ವಾಚ್‌ಮನ್ ಕೆಲಸಕ್ಕೆಂದು ತನ್ನ ಹಾಳೆ ಇಸಿದುಕೊಂಡಿದ್ದ. ಮುನಿಯಲ್ಲಪ್ಪ ಬಾಯಿ ತೆರೆದದ್ದೇ ತಡ, ಕೊಂಡಪ್ಪ ಕಣ್ಣು ಮಿಟುಕಿಸಿದ, ಕೆಮ್ಮಿದ, ಕಾಲು ತುಳಿದ. ಹಾಳೆ ಇಲ್ಲವೇ ಇಲ್ಲ ಅಂದ.

“ಇಲ್ದೆ ಏನು?” ಎಂದಳು ಒಳಗಿಂದ ಬಂದ ಅವನ ಹೆಂಡತಿ ಅಂಜಮ್ಮ. “ಅಟ್ಟದ ಮೇಲೆ ರಾಗಿ ವಾಡೆ ಹಿಂದೆ ಬಟ್ಟೇಲಿ ಸುತ್ತಿ ಮಡ್ಗವ್ರೆ. ನಾನು ಯಾವುದೋ ಜಮೀನು ಪತ್ರ ಅಂದ್ಕೊಂಡಿದ್ದೆ.” ಅವಳೇ ಹತ್ತಿ ತಂದಳು. “ಏನಣ್ಣಾ ಬರ್ದೈತೆ ಇದ್ರಲ್ಲಿ?”

ಸುಳ್ಳು ಬಾರದ ಮುನಿಯಲ್ಲಪ್ಪ ಓದಿದ. “ಮೂವತ್ತೆಂಟನೇ ಇಸವಿ, ಅಕ್ಟೋಬರ್. ದೀಪಾವಳಿ ಮಳೆ.”

ಅಂಜಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. “ನಾನು ಆ ವರ್ಷದ ಯುಗಾದೀಲಿ ಹುಟ್ಟಿದೋಳು. ಅಂದ್ರೆ?”

“ಅಂದ್ರೆ ನೀನೇ ದೊಡ್ಡೋಳು ಕಣಮ್ಮಿ, ಏಳು ತಿಂಗ್ಳು,” ಎಂದು ರಾಮಕ್ಕ ಬೆಂಕಿಗೆ ತುಪ್ಪ ಸುರಿದಳು.

“ಅಯ್ಯೋ ನಿನ್ ಮನೆ ಹಾಳಾಗ! ಇಪ್ಪತ್ತೇಳು ವರ್ಷ ರೀ, ಬನ್ನಿ, ಹೋಗಿ ಅಂತ ಅಂದ್ಸ್ಕೊಂಡ್ಯಲ್ಲೋ! ಬಿಸಿ ಮುದ್ದೆ ಮೊದ್ಲು ನಿಂಗಿಕ್ಕಿ, ತಳ ಕೆರೆದಿದ್ದು ನಾನು ತಿಂದ್ನಲ್ಲೋ ತಮ್ಮಾ!”

‘ತಮ್ಮಾ’ ಎಂಬ ಮಾತಿಗೆ ಕೊಂಡಪ್ಪ ಕೈಗೆ ಸಿಕ್ಕ ಮೊರ ಎತ್ತಿಕೊಂಡ. ಅದು ಹೆಂಡತಿಯ ಕಡೆ ಹೋಗದೆ ಮುನಿಯಲ್ಲಪ್ಪನ ಬೆನ್ನಿಗೆ ಬಿತ್ತು. ಹಾಳೆ ಎದೆಗವಚಿಕೊಂಡು ಅವನು ಹೊಲದ ಬದುವಿಗೆ ಬಂದಾಗ, ಒಂದು ಚಪ್ಪಲಿ ಕೊಂಡಪ್ಪನ ಅಂಗಳದಲ್ಲೇ ಉಳಿದಿತ್ತು.

ಅಷ್ಟರಲ್ಲಿ ಸುದ್ದಿ ಕಾಲು ಕಟ್ಟಿಕೊಂಡು ಓಡಾಡಿತ್ತು. ಸರ್ಕಾರ ವಯಸ್ಸು ವಾಪಸ್ ತಗೊಳ್ತಾ ಐತಂತೆ! ಮಧ್ಯಾಹ್ನದ ಹೊತ್ತಿಗೆ ಬಂಗಲೆಯ ಅಂಗಳದಲ್ಲಿ ಸಂತೆ. ಹಾಳೆ ಇದ್ದವರು ಬೈದುಕೊಂಡು ತಂದು ಕೊಟ್ಟರು. ಹಾಳೆಯೇ ಇಲ್ಲದವರು ತಮಗೂ ಒಂದು ವಯಸ್ಸು ಬೇಕೆಂದು ಬಂದರು. ನಿವೃತ್ತಿ ಹತ್ತಿರ ಬಂದಿದ್ದ ಮುತ್ತರಾಯಪ್ಪ ಕಿವಿಯಲ್ಲಿ ಪಿಸುಗುಟ್ಟಿದ: “ಹೆಂಗೂ ಪುಸ್ತಕ ಬಿಚ್ಚಿದ್ದೀಯ. ನಂದು ಒಂದೆರಡು ವರ್ಷ ಈಚೆಗೆ ಎಳ್ದುಬುಡು. ಅವತ್ತಿನ ಮಳೆ ಈಗೇನು ಬಂದು ಸಾಕ್ಷಿ ಹೇಳ್ತದಾ?”

ಮುನಿಯಲ್ಲಪ್ಪ ಎಲ್ಲರಿಗೂ ಕೈ ಮುಗಿದ. ಬೆಳಗಿನಿಂದ ಅವನ ಹೊಟ್ಟೆಗೆ ನೀರು ಬಿಟ್ಟರೆ ಏನೂ ಬಿದ್ದಿರಲಿಲ್ಲ. ಮೂರು ಗಂಟೆಗೆ ಹತ್ತು ಹಾಳೆ ಕೂಡಿದವು.

ಉಳಿದದ್ದು ಒಂದು, ಗೋವಿಂದಮ್ಮನದು.

ಆ ಮನೆಯ ಬಾಗಿಲಲ್ಲಿ ರಾಮಕ್ಕನ ಬಾಯಿಯೂ ನಿಂತುಹೋಯಿತು. ಅವಳು ಹೊರಗೇ ಉಳಿದಳು. ಅರವತ್ತೆರಡನೇ ಇಸವಿಯಲ್ಲಿ ಕೆರೆಯ ಏರಿ ಒಡೆದು ಕೆಳಗಿನ ಕೇರಿಗೆ ನೀರು ನುಗ್ಗಿದಾಗ, ಗೋವಿಂದಮ್ಮನ ಆರು ವರ್ಷದ ಮಗ ಅವಳ ಕೈಯಿಂದಲೇ ಜಾರಿ ಹೋಗಿದ್ದ. ಊರೆಲ್ಲ ಹುಟ್ಟಿದ ತಿಂಗಳ ಹಾಳೆ ಇಸಿದುಕೊಳ್ಳುತ್ತಿದ್ದಾಗ ಅವಳೂ ಒಂದು ದಿನ ಬಂದು ಬಂಗಲೆಯ ಮೆಟ್ಟಿಲಲ್ಲಿ ನಿಂತಿದ್ದಳು. ‘ನಂಗೆ ಮಗ ಹೋದ ತಿಂಗ್ಳುದು ಕೊಡಪ್ಪಾ’ ಎಂದಿದ್ದಳು. ಮುನಿಯಲ್ಲಪ್ಪ ಮಂಜಾದ ಕಣ್ಣಲ್ಲಿ ಮೇಲಿನ ತಿಂಗಳು, ಇಸವಿ ಮಾತ್ರ ನೋಡಿ ಹರಿದುಕೊಟ್ಟಿದ್ದ.

ಈಗ ಅವನು ಅದನ್ನು ವಾಪಸ್ ಕೇಳಿದಾಗ ಗೋವಿಂದಮ್ಮ ಹಾಳೆಯಿದ್ದ ಗೂಡಿನ ಕಡೆ ತಿರುಗಿದಳು.

“ನಂಗೆ ಓದೋಕೆ ಬರಾಕಿಲ್ಲ ಮುನಿಯಲ್ಲಪ್ಪ. ಆದ್ರೂ ಶನಿವಾರ ಶನಿವಾರ ಅದ್ರ ಮುಂದೆ ದೀಪ ಹಚ್ತೀನಿ. ಯಾಕೆ ಹೇಳು? ‘ಹೆತ್ತೋಳು ಗಟ್ಯಾಗಿ ಹಿಡ್ಕೊಂಡಿದ್ರೆ ಮಗ ಹೋಗ್ತಿದ್ನಾ’ ಅಂದ್ರು ಜನ. ನಮ್ಮತ್ತೆ ಸಾಯೋಗಂಟ ಅಂದ್ಲು. ಅವತ್ತು ಬಿದ್ದಿದ್ದು ಎಂಥಾ ಮಳೆ ಅಂತ ಬರ್ದಿರೋದು ಅದೊಂದೇ. ಅದನ್ನೂ ಕೊಟ್ಬುಟ್ರೆ ನನ್ ಕಡೆ ಯಾರವ್ರೆ?”

ಮುನಿಯಲ್ಲಪ್ಪ ಎದ್ದುಬಿಟ್ಟ. “ಬ್ಯಾಡ ಬುಡವ್ವ. ನಂದು ಹೋದ್ರೆ ಕೆಲ್ಸ ತಾನೆ.”

ನಾಲ್ಕಕ್ಕೆ ಜೀಪು ಬಂತು. ಇಳಿದವರು ಇಬ್ಬರು. ಮದರಾಸಿನ ಹಿರಿಯ ಅಧಿಕಾರಿ, ಬೆಂಗಳೂರಿನ ಜಯರಾಮಯ್ಯ. ಗಡಿಯಾಚೆಯ ಊರುಗಳ ಪುಸ್ತಕಗಳೂ ಜೀಪಿನಲ್ಲಿದ್ದವು. ಇಬ್ಬರೂ ಜಗಲಿಯಲ್ಲಿ ಕೂತು ಬೇರಿಕೆಯ ಪುಸ್ತಕ ತಿರುವಿದರು. ಅರಿಶಿನ ಹತ್ತಿದ ಹಾಳೆ, ಊದುಬತ್ತಿ ವಾಸನೆಯ ಹಾಳೆ, ಮೊರದ ಏಟಿಗೆ ಮೂಲೆ ಮುರಿದ ಹಾಳೆ. ಮುನಿಯಲ್ಲಪ್ಪ ನಡೆದದ್ದೆಲ್ಲ ಒಪ್ಪಿಕೊಂಡ. ಸಿಕ್ಕದ ಒಂದು ಹಾಳೆಯ ಕತೆಯನ್ನೂ ಹೇಳಿದ. ಹೇಳಿ, ಬೆಳಗಿನಿಂದ ಕಾಯುತ್ತಿದ್ದ ಶಿಕ್ಷೆಗೆ ತಲೆ ತಗ್ಗಿಸಿ ನಿಂತ.

ಮದರಾಸಿನವರು ಕನ್ನಡಕ ತೆಗೆದು ಒರೆಸಿಕೊಂಡರು. “ಪರವಾಯಿಲ್ಲೆ,” ಎಂದು ತಮ್ಮ ತಮಿಳಿನಲ್ಲಿ ಹೇಳಿದರು.

ಜಯರಾಮಯ್ಯ ನಕ್ಕರು. “ಊರೂರಲ್ಲಿ ಇಂಥ ಪುಸ್ತಕದ ಹಾಳೆಯಲ್ಲಿ ಬೋಂಡ ಕಟ್ಟಿ ಮಾರಿದ್ದಾರೆ ಕಣಯ್ಯ. ನಿನ್ನ ಹಾಳೆಗಳಿಗೆ ಪೂಜೆಯಾದರೂ ಆಗಿದೆ. ಒಂದು ಹೋದರೆ ಹೋಗಲಿ. ಹನುಮಕ್ಕನವರಿಗೆ ನಕಲು ಕೊಡೋಣ. ನಿನ್ನ ಕೇಂದ್ರ ಕಾಯಂ ಅಂತ ಬರೆಯುತ್ತೇವೆ.”

ಮದರಾಸಿನವರು ಪೆನ್ನಿನ ಕ್ಯಾಪು ತೆಗೆದರು. ಮುನಿಯಲ್ಲಪ್ಪ ಆ ದಿನ ಮೊದಲ ಸಲ ಪೂರ್ತಿ ಉಸಿರು ಬಿಟ್ಟ.

ಆಗ ಗೇಟಿನಲ್ಲಿ ರಾಮಕ್ಕನ ದನಿ ಕೇಳಿಸಿತು. “ತಡೀರಿ ಸಾಮೀ, ಬರೀಬ್ಯಾಡ್ರಿ! ಒಪ್ಸ್ಕೊಂಡು ಬಂದಿವ್ನಿ!”

ಅವಳ ಹಿಂದೆ ಗೋವಿಂದಮ್ಮ ಬರುತ್ತಿದ್ದಳು. ಮಡಿ ಸೀರೆಯುಟ್ಟು, ಹಾಳೆಯನ್ನು ತಟ್ಟೆಯಲ್ಲಿ ಇಟ್ಟುಕೊಂಡು, ತಾಂಬೂಲ ತರುವ ಹಾಗೆ ಎರಡು ಕೈಯಲ್ಲಿ ಹಿಡಿದು ತಂದಳು. “ಒಬ್ಬ ಮನುಷ್ಯನ ಅನ್ನ ಹೋಯ್ತದೆ ಅಂದ್ಲು ರಾಮಕ್ಕ. ತಗೊಳ್ಳಿ,” ಎಂದು ಮೇಜಿನ ಮೇಲಿಟ್ಟು, ಮೆಟ್ಟಿಲಿಳಿದು ದೂರ ನಿಂತಳು. ರಾಮಕ್ಕ ಮಾತ್ರ ಸೊಂಟಕ್ಕೆ ಕೈಯಿಟ್ಟು, ಯುದ್ಧ ಗೆದ್ದವಳಂತೆ ಮುನಿಯಲ್ಲಪ್ಪನ ಕಡೆ ನೋಡಿದಳು.

ಜಯರಾಮಯ್ಯನ ಮುಖ ಅರಳಿತು. “ಎಲ್ಲಕ್ಕಿಂತ ಬೇಕಾದದ್ದು ಇದೇ ನೋಡು. ಮೇಲಿನ ಮಾಲೂರಿನ ಕಡೆ ಆ ದಿನ ಇನ್ನೂರ ಎಂಬತ್ತೊಂದು ಮಿಲಿಮೀಟರು. ಇಲ್ಲಿ ಎಷ್ಟೋ?” ಎಂದು ಹಾಳೆ ಬಿಡಿಸಿ, ತಾರೀಕಿನ ಸಾಲಿಗೆ ಬೆರಳಿಟ್ಟರು. ಬೆರಳು ಅಲ್ಲೇ ನಿಂತಿತು.

ತಾರೀಕಿನ ಎದುರಿಗೆ, ಮುನಿಯಲ್ಲಪ್ಪನದೇ ದುಂಡಗಿನ ಅಕ್ಷರದಲ್ಲಿ ಒಂದು ಸೊನ್ನೆ.

“ಇದು ನೀನೇ ಬರೆದದ್ದಾ?” ದನಿ ತಗ್ಗಿಸಿ ಕೇಳಿದರು.

ಮುನಿಯಲ್ಲಪ್ಪನಿಗೆ ಇಪ್ಪತ್ತೆರಡು ವರ್ಷದ ಹಿಂದಿನ ಆ ಬೆಳಗ್ಗೆ ಈಗ ಕಣ್ಣಿಗೆ ಕಟ್ಟಿತು. “ನಾನೇ ಸಾ. ಎರಡು ದಿನ ನೀರಲ್ಲೇ ಇದ್ವಿ, ಹೆಣ ಹುಡುಕ್ತಾ. ಮೂರ್ನೇ ದಿನ ಬಂದು ನೋಡಿದ್ರೆ ಡಬ್ಬಿ ಕಿತ್ತು ಬೋರಲು ಬಿದ್ದಿತ್ತು. ಒಳಗೆ ಒಂದು ತೊಟ್ಟೂ ಇರ್ಲಿಲ್ಲ. ಕೆಲ್ಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಕಂಡಿದ್ದು ಮಾತ್ರ ಬರೀಬೇಕು ಅಂತ ಹೇಳಿದ್ರು. ಕಂಡಿದ್ದು ಬರ್ದೆ.”

ಮದರಾಸಿನವರು ಹಾಳೆಯನ್ನು ಎರಡು ಸಲ ನೋಡಿದರು. ಊರು ಕೊಚ್ಚಿಹೋದ ದಿನ ಮಳೆಯೇ ಇಲ್ಲವೆಂದ ಪುಸ್ತಕದಲ್ಲಿ ಇನ್ನು ಯಾವ ಸಾಲನ್ನು ನಂಬುವುದು ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದರು. ಕೇಳಿದ್ದು ಸರಿಯಾಗಿಯೇ ಇತ್ತು. ಪೆನ್ನಿನ ಕ್ಯಾಪು ಮುಚ್ಚಿಕೊಂಡಿತು. ಡಬ್ಬಿಯನ್ನು ಬೇರೆ ಊರಿಗೆ ಸಾಗಿಸುವುದೆಂದು ಜೀಪಿನ ಡ್ರೈವರಿಗೆ ಹೇಳಿದರು. ಅವನು ಗುದ್ದಲಿ ಹಿಡಿದು ಹಿತ್ತಲಿಗೆ ಹೋದ.

ಕೆಳಗೆ ನಿಂತಿದ್ದ ಗೋವಿಂದಮ್ಮನಿಗೆ ಇದೊಂದೂ ಕೇಳಿಸಿರಲಿಲ್ಲ. “ಸಾಮಿ,” ಎಂದಳು, “ಕೊಟ್ಟಿದ್ದಾಯ್ತು. ಅವತ್ತಿಂದು ಎಷ್ಟು ಅಂತ ಒಂದ್ಸಲ ಓದಿ ಹೇಳ್ಬುಡಿ. ಇಷ್ಟು ವರ್ಷ ಕೇಳೋಕೆ ಧೈರ್ಯ ಬರ್ಲಿಲ್ಲ.”

ಹಿತ್ತಲಿನಲ್ಲಿ ಗುದ್ದಲಿ ಕಲ್ಲಿಗೆ ತಾಗುವ ಸದ್ದು ಕೇಳುತ್ತಿತ್ತು.

“ಸಾ,” ಎಂದ ಮುನಿಯಲ್ಲಪ್ಪ, ಜಯರಾಮಯ್ಯನಿಗೆ ಮಾತ್ರ ಕೇಳುವಂತೆ. “ಮಾಲೂರಿನ ಕಡೆ ಪುಸ್ತಕ ಒಂದ್ಸಲ ಕೊಡಿ.”

ಜಯರಾಮಯ್ಯ ತೆಗೆದುಕೊಟ್ಟರು. ಮುನಿಯಲ್ಲಪ್ಪ ಮೇಜಿನ ಮೇಲಿದ್ದ ಬಿಳಿ ಹಾಳೆಯೊಂದರಲ್ಲಿ ತಾರೀಕು ಬರೆದ. ಅಳೆದ ಊರಿನ ಹೆಸರು ಬರೆದ. ಇನ್ನೂರ ಎಂಬತ್ತೊಂದು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದ. ಬರೆದದ್ದನ್ನು ಪುಸ್ತಕದ ಸಾಲಿಗೆ ಹಿಡಿದು ಎರಡು ಸಲ ತಾಳೆ ನೋಡಿದ. ಜಯರಾಮಯ್ಯ ಅದನ್ನು ಇಸಿದುಕೊಂಡು, ಕೆಳಗೆ ತಮ್ಮ ಸೀಲು ಒತ್ತಿ ಕೊಟ್ಟರು.

ಮುನಿಯಲ್ಲಪ್ಪ ಒಂಟಿ ಚಪ್ಪಲಿಯನ್ನೂ ಬಿಟ್ಟು ಮೆಟ್ಟಿಲಿಳಿದ.

“ಮೇಲಿನೂರಲ್ಲಿ ಅಳ್ದಿದ್ದು ಕಣವ್ವ. ಅದೇ ನೀರು ನಮ್ಮ ಕೆರೆಗೆ ಬಂದಿದ್ದು. ನನ್ ಪುಸ್ತಕದಲ್ಲಿ ನೂರು ವರ್ಷಕ್ಕೂ ಇಂಥದ್ದೊಂದಿಲ್ಲ. ಯಾವ ತಾಯಿ ಕೈಗೂ ನಿಲ್ಲೋ ನೀರಲ್ಲ ಅದು.”

ಅಷ್ಟೇ ಹೇಳಿ, ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಅವಳ ತಟ್ಟೆಯಲ್ಲಿಟ್ಟ.