ನಾಲ್ಕಿಂಚಿನ ಹೊಸಿಲು

ಪಂಚಾಂಗದ ಪ್ರಕಾರ ಮರುದಿನದಿಂದ ವಸಂತ. ನ್ಯೂಜಿಲೆಂಡಿನ ಪುಕೆಕೊಹೆಯಲ್ಲಿ ಮಾತ್ರ ಎಲೆಗಳು ಹಳದಿಗೆ ತಿರುಗಿ ಉದುರುತ್ತಿದ್ದವು. ಈರುಳ್ಳಿ ಕಿತ್ತಾದ ಹೊಲಗಳು ಉತ್ತು ಕೆಂಪಗೆ ಬಿದ್ದಿದ್ದವು. ಬೇಲಿಯಾಚೆ ಯಾರೋ ಚಳಿಗಾಲದ ಒಲೆಗೆಂದು ಸೌದೆ ಒಡೆಯುತ್ತಿದ್ದರು. ಯುಗಾದಿ ಹೀಗೆ ತಲೆಕೆಳಗಾಗಿ ಬರುವುದು ಗುರುದತ್‌ಗೆ ಈಗ ರೂಢಿಯಾಗಿತ್ತು. ಆ ಶನಿವಾರ ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಅವನು ಗಮ್‌ಬೂಟು ಹಾಕಿಕೊಂಡು, ಪಕ್ಕದ ಮನೆಯ ನೆವಿಲ್‌ನ ಶೆಡ್ಡಿನಲ್ಲಿ ದಿಮ್ಮಿಯೊಂದರ ತುದಿ ಹಿಡಿದು ನಿಂತಿದ್ದ.

ತೊಂದರೆಯ ಮೂಲ ಒಂದು ಚಿಟಿಕೆ ಅರಿಶಿನ.

ಗುರುದತ್ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವನು. ಹೆಂಡತಿ ಅಂಬುಜಾ ವೃದ್ಧರ ಆರೈಕೆ ಮನೆಯೊಂದರಲ್ಲಿ ನರ್ಸ್. ಆಕ್ಲೆಂಡ್ ನಗರದ ಏವನ್‌ಡೇಲಿನ ಬಾಡಿಗೆ ಮನೆಗಳಲ್ಲಿ ಬಹಳ ಕಾಲ ಇದ್ದು, ಹಿಂದಿನ ವರ್ಷ ಇಲ್ಲಿ ಸ್ವಂತ ಮನೆ ಕೊಂಡಿದ್ದರು. ಮನೆಗೆ ಎಲ್ಲವೂ ಇತ್ತು, ಹೊಸಿಲೊಂದು ಇರಲಿಲ್ಲ. ಮುಂಬಾಗಿಲೆಂದರೆ ಪಕ್ಕಕ್ಕೆ ಜಾರುವ ಗಾಜು, ಅದರಡಿಯಲ್ಲಿ ಅಲ್ಯುಮಿನಿಯಂ ಹಳಿ. ಅಂಬುಜಾ ದಿನವೂ ಸ್ನಾನ ಮಾಡಿ ಆ ಹಳಿಗೇ ಅರಿಶಿನ ಹಚ್ಚಿ ಕುಂಕುಮ ಇಡುತ್ತಿದ್ದಳು. ಮರವಾದರೆ ಅರಿಶಿನವನ್ನು ಕುಡಿಯುತ್ತದೆ, ಅಲ್ಯುಮಿನಿಯಂ ಕುಡಿಯುವುದಿಲ್ಲ. ಬಾಗಿಲು ಎರಡು ಸಲ ಜಾರಿದರೆ ಎಲ್ಲವೂ ಚಕ್ರಕ್ಕೆ ಮೆತ್ತಿಕೊಂಡು ಹೋಗುತ್ತಿತ್ತು. ಅವಳು ದೂರುವವಳಲ್ಲ. ಒಮ್ಮೆ ಮಾತ್ರ, ಕೈ ತೊಳೆಯುತ್ತಾ, ಯಾರಿಗೂ ಅಲ್ಲವೆಂಬಂತೆ ಹೇಳಿದ್ದಳು:

“ಎಲ್ಲಿ ಒಳಗೆ ಬಂದೆ ಅಂತಾನೇ ಈ ಮನೇಲಿ ಗೊತ್ತಾಗಲ್ಲ ರೀ.”

ಆ ಮಾತು ಹಲ್ಲುಸಂದಿಗೆ ಸಿಕ್ಕ ಅಡಕೆ ಚೂರಿನ ಹಾಗೆ ಗುರುದತ್‌ನಲ್ಲಿ ಉಳಿದುಬಿಟ್ಟಿತು. ಮದುವೆಯಾದಾಗಿನಿಂದ ಅವಳು ಏನನ್ನೂ ಬೇಕೆಂದು ಕೇಳಿದವಳಲ್ಲ. ಇದನ್ನೂ ಕೇಳಿರಲಿಲ್ಲ, ಕಷ್ಟವಾದದ್ದು ಅದೇ. ಈಗ ಅವಳು ಬೆಳಗಿನ ಪಾಳಿಗೆ ಹೋಗಿದ್ದಳು. ಸಂಜೆಯ ಹೊತ್ತಿಗೆ ಮನೆಗೆ ಬರುತ್ತಾಳೆ. ಅಷ್ಟರಲ್ಲಿ ಬಾಗಿಲಿಗೆ ನಾಲ್ಕಿಂಚು ದಪ್ಪದ ಹೊಸಿಲು ಕೂಡಿಸಿ, ಏನೂ ಆಗಿಲ್ಲವೆಂಬಂತೆ ಪೇಪರು ಓದುತ್ತಾ ಕೂತಿರಬೇಕೆಂಬುದು ಅವನ ಯೋಜನೆ.

ನೆವಿಲ್ ಹಸು ಸಾಕಿ, ಮಾರಿ, ಈಗ ಒಬ್ಬನೇ ಇರುವ ಮುದುಕ. ಅವನ ಶೆಡ್ಡಿನಲ್ಲಿ ಮರ ಕೊಯ್ಯುವ ಪುಟ್ಟ ಗರಗಸಯಂತ್ರವೊಂದಿತ್ತು. ಉದ್ದಕ್ಕೂ ಎರಡು ಹಳಿ, ನಡುವೆ ಮಲಗಿಸಿ ಬಿಗಿದ ದಿಮ್ಮಿ, ಹಳಿಯ ಮೇಲೆ ತಳ್ಳಿಕೊಂಡು ಹೋಗುವ ಯಂತ್ರ, ಅದರೊಳಗೆ ರಿಬ್ಬನ್ನಿನಂತೆ ಸುತ್ತುವ ಬ್ಲೇಡು. ಹಿಡಿಕೆ ತಿರುಗಿಸಿದರೆ ಬ್ಲೇಡು ಇಷ್ಟಿಷ್ಟೇ ಇಳಿಯುತ್ತದೆ. ಒಂದು ಸಲ ತಳ್ಳಿದರೆ ಒಂದು ಹಲಗೆ. ಸುತ್ತಲಿನವರ ಗಾಳಿಗೆ ಬಿದ್ದ ಮರಗಳನ್ನೆಲ್ಲ ಅವನು ಕೊಯ್ದು ಕೊಡುತ್ತಿದ್ದ. ಹೊಲದ ಬೇಲಿಗುಂಟ ನಿಂತಿದ್ದ ಮ್ಯಾಕ್ರೊಕಾರ್ಪ ಎಂಬ ಸೈಪ್ರೆಸ್ ಜಾತಿಯ ಮರವೊಂದು ಬಿರುಗಾಳಿಗೆ ಬಿದ್ದಿತ್ತು. ಅದರದೇ ಈ ದಿಮ್ಮಿ.

ಹೊಸಿಲೆಂದರೇನೆಂದು ಗುರುದತ್ ಅವನಿಗೆ ಕಾಗದದ ಮೇಲೆ ಗೀಚಿ ತೋರಿಸಿದ್ದ. ಮಳೆನೀರು ತಡೆಯಲಿಕ್ಕೋ ಎಂದು ನೆವಿಲ್ ಕೇಳಿದ. ಅಲ್ಲ. ಇಲಿಗೋ? ಅಲ್ಲ. ಕೊನೆಗೆ ಗುರುದತ್, ಹೆಂಡತಿ ದಾಟಿ ಬರಲಿಕ್ಕೆ ಎಂದ. ನೆವಿಲ್ ಸ್ವಲ್ಪ ಹೊತ್ತು ದಿಮ್ಮಿಯನ್ನೇ ನೋಡಿ, ಹೆಂಡತಿಗೆ ಎಂದಮೇಲೆ ಸರಿ, ಆದರೆ ಹಸಿಮರ ಒಣಗಲು ಇಂಚಿಗೆ ಒಂದು ವರ್ಷ ಬೇಕು, ನಾಲ್ಕಿಂಚಾದರೆ ನಾಲ್ಕು ವರ್ಷ ಎಂದ. ಹಬ್ಬ ನಾಳೆಯೇ ಎಂದು ಗುರುದತ್ ಹೇಳಿದ. ನೆವಿಲ್ ಎಂಜಿನ್ನಿನ ಹಗ್ಗ ಎಳೆದ.

ಮೈಸೂರುಪಾಕಿನ ತಟ್ಟೆಯಲ್ಲಿ ಚಾಕು ಹರಿದಂತೆ ಗರಗಸ ಹರಿಯಿತು. ತೊಗಟೆ ಕಳಚಿತು. ನಿಂಬೆಸಿಪ್ಪೆಗೆ ಕರ್ಪೂರ ಬೆರೆಸಿದಂಥ ಪರಿಮಳ ಎದ್ದು ಶೆಡ್ಡೆಲ್ಲ ದೇವರಮನೆಯ ಹಾಗಾಯಿತು. ಹತ್ತು ಗಂಟೆಯ ಚಹಾದ ಹೊತ್ತಿಗೆ ನಾಲ್ಕಿಂಚು ದಪ್ಪ, ಎಂಟಿಂಚು ಅಗಲದ ತೊಲೆ ಹಳಿಯ ಮೇಲೆ ಸಿದ್ಧವಾಗಿ ಮಲಗಿತ್ತು. ನಸುಗೆಂಪು ಬಣ್ಣ, ನೀರಿನ ಅಲೆಯಂಥ ಗೆರೆಗಳು. ಗುರುದತ್ ಅದನ್ನು ಮಗುವಿನ ಬೆನ್ನು ಸವರುವಂತೆ ಸವರಿದ. ಅಲ್ಲಿಗೆ ಎತ್ತಿಕೊಂಡು ಮನೆಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅವನು ಮಾಡಿದ ತಪ್ಪು ಒಂದೇ. ಯುಗಾದಿಯ ಹಿಂದಿನ ದಿನ ಅಮಾವಾಸ್ಯೆ. ಅಮಾವಾಸ್ಯೆಯಂದು ಹೊಸಿಲು ಕೊಯ್ಯಬಹುದೇ ಎಂದು ಹಿಂದಿನ ರಾತ್ರಿ ವೀರಭದ್ರಪ್ಪನವರಿಗೆ ಫೋನು ಮಾಡಿ ಕೇಳಿದ್ದ. ಹಾವೇರಿ ಕಡೆಯ ವೀರಭದ್ರಪ್ಪನವರು ಔಷಧದಂಗಡಿಯ ಕೆಲಸದಿಂದ ನಿವೃತ್ತರಾಗಿ, ಆಕ್ಲೆಂಡಿನ ಕನ್ನಡಿಗರಿಗೆಲ್ಲ ಮುಹೂರ್ತ ಹೇಳುವುದನ್ನು ಹೊಸ ಉದ್ಯೋಗ ಮಾಡಿಕೊಂಡಿದ್ದರು. ಉತ್ತರ ಫೋನಿನಲ್ಲೇ ಮುಗಿಯಿತೆಂದು ಗುರುದತ್ ತಿಳಿದಿದ್ದ. ಸ್ಯಾಂಡ್ರಿಂಗಮ್ಮಿನ ಭಾರತೀಯ ಅಂಗಡಿಯಿಂದ ಹಬ್ಬದ ಮಾವಿನೆಲೆ ತಂದ ನೆಪದಲ್ಲಿ ಅವರು ಖುದ್ದಾಗಿ ಬಂದಿಳಿದರು. ದಾರಿಯಲ್ಲಿ ಕನ್ನಡಿಗರ ವಾಟ್ಸಾಪ್ ಗುಂಪಿಗೂ ಸುದ್ದಿ ಹಾಕಿದ್ದರು.

ತೊಲೆಯ ಸುತ್ತ ಒಂದು ಪ್ರದಕ್ಷಿಣೆ ಮಾಡಿ ಅವರು ನಡುವೆ ಬೆರಳಿಟ್ಟರು.

“ಅಮಾಸಿಗೆ ಅಂಜಬ್ಯಾಡೋ ತಮ್ಮಾ, ನಮ್ಮ ಕಡೆ ಅಮಾಸಿ ಚಲೋ ದಿನಾನ. ಆದ್ರ ಈ ಗಂಟು ನೋಡಿದ್ಯೇನು? ಲಕ್ಷ್ಮಿ ಕಾಲಿಡೋ ಜಾಗದಾಗ ಕಣ್ಣು ಬಿಟ್ಕೊಂಡು ಕುಂತೈತಿ.”

ಗಂಟು ಇದ್ದದ್ದು ನಿಜ, ಒಂದು ಕಡಲೆಬೇಳೆಯಷ್ಟು. ಮೇಲಿಂದ ಒಂದಿಂಚು ತೆಗೆದರೆ ಹೋಗುತ್ತದೆ ಎಂದು ವೀರಭದ್ರಪ್ಪನವರು ತೀರ್ಮಾನಿಸಿದರು. ನೆವಿಲ್ ಹಿಡಿಕೆ ತಿರುಗಿಸಿ ಒಂದಿಂಚು ತೆಗೆದ. ಗಂಟು ಕೆಳಗೆ ಇನ್ನಷ್ಟು ದೊಡ್ಡದಾಗಿತ್ತು. ಕಡಲೆಬೇಳೆ ಇದ್ದದ್ದು ಹುಣಸೆಬೀಜವಾಗಿತ್ತು. ಹಾಗಾದರೆ ಮಗುಚಿ ಹಾಕಿ ಇನ್ನೊಂದು ಕಡೆಯಿಂದ ತೆಗೆಯೋಣ, ಆ ಮುಖವೇ ಮೇಲೆ ಬರಲಿ ಎಂದರು. ಮೂವರೂ ಸೇರಿ ಮಗುಚಿದರು. ಗರಗಸ ಅರ್ಧದಾರಿ ಹೋಯಿತು. ಆಮೇಲೆ ಬಸ್ಸು ಬ್ರೇಕು ಹಾಕಿದಂಥ ಸದ್ದು ಬಂದು ಕಿಡಿ ಹಾರಿತು.

ಮರ ಎಳೆಯದಾಗಿದ್ದಾಗ ಯಾರೋ ಬೇಲಿತಂತಿಗೆಂದು ಹೊಡೆದ ಮೊಳೆ. ಮರ ಅದನ್ನು ನುಂಗಿಕೊಂಡು ಬೆಳೆದಿತ್ತು. ನೆವಿಲ್ ಬ್ಲೇಡು ಬಿಚ್ಚಿ, ಹಲ್ಲು ಉದುರಿದ ಅದನ್ನು ಹಳೆಯ ಸಹಪಾಠಿಯನ್ನು ನೋಡುವಂತೆ ನೋಡಿದ. ಗುರುದತ್ ದುಡ್ಡು ಕೊಡುತ್ತೇನೆಂದ. ದುಡ್ಡು ಬೇಡ, ಅಂಥದೇ ಒಂದು ಬ್ಲೇಡು ತಂದುಕೊಡು, ತರುವವರೆಗೆ ಶನಿವಾರ ಶನಿವಾರ ಬಂದು ಹಲಗೆ ಹಿಡಿ ಎಂದು ನೆವಿಲ್ ಹೇಳಿ, ಉಳಿದಿದ್ದ ಒಂದೇ ಒಂದು ಬ್ಲೇಡನ್ನು ಏರಿಸಿದ.

ಎರಡನೆಯ ಇಂಚೂ ಹೋಯಿತು. ಇಳಿದ ಎರಡು ಹಲಗೆಗಳು ಹಾಳಾಗಬಾರದು, ನಾಳೆ ಎಣ್ಣೆಸ್ನಾನಕ್ಕೆ ತನಗೊಂದು, ಮನೆಯವರಿಗೊಂದು ಮಣೆಯಾಗುತ್ತದೆ ಎಂದು ವೀರಭದ್ರಪ್ಪನವರು ಪಕ್ಕಕ್ಕೆ ತೆಗೆದಿಟ್ಟುಕೊಂಡರು.

ಅಷ್ಟರಲ್ಲಿ ಗುಂಪಿನ ಸುದ್ದಿ ನೋಡಿ ಪದ್ಮಾವತಿ ಬಂದಳು. ಗುರುದತ್‌ನ ಆಸ್ಪತ್ರೆಯವಳೇ. ಬಿದ್ದು ಮೂಳೆ ಮುರಿದುಕೊಂಡ ಮುದುಕರ ಮನೆಗಳಿಗೆ ಹೋಗಿ, ಮತ್ತೆ ಬೀಳದಂತೆ ಮನೆಯನ್ನು ಸರಿಪಡಿಸಿ ಬರುವುದು ಅವಳ ಕೆಲಸ. ಎರಡಿಂಚಿನ ತೊಲೆಯನ್ನು ಅವಳು ಹಾವು ಕಂಡಂತೆ ಕಂಡಳು.

“ವಾರವಿಡೀ ನಾನು ಇಂಥವನ್ನ ಕೀಳಿಸ್ತಾ ಓಡಾಡ್ತೀನಿ ಗುರುದತ್. ನೀವು ನೋಡಿದ್ರೆ ಹೊಸದಾಗಿ ಹಾಕ್ತಾ ಇದ್ದೀರಿ.”

“ಇದು ಎಡವೋಕಲ್ಲ ಪದ್ಮಕ್ಕ, ದಾಟೋಕೆ.”

“ಎಡವಿದವರೆಲ್ಲ ದಾಟೋಕೆ ಹೋದವರೇ. ಅವರ ಎಕ್ಸ್-ರೇ ತೆಗೆಯೋದು ನೀವೇ ತಾನೇ?”

ಗುರುದತ್ ಎಕ್ಸ್-ರೇ ತೆಗೆದ ಸೊಂಟಗಳೆಲ್ಲ ಕಣ್ಣಮುಂದೆ ಸಾಲಾಗಿ ನಿಂತವು. ಮೊಣಕಾಲು ಬದಲಿಸಿಕೊಂಡ ಅತ್ತೆ ಜೂನ್ ತಿಂಗಳಲ್ಲಿ ಬರುವವರಿದ್ದರು. ಅವನು ನೆವಿಲ್ ಕಡೆ ನೋಡಿದ. ನೆವಿಲ್ ಹಿಡಿಕೆ ತಿರುಗಿಸಿದ. ಇಳಿದ ಒಂದಿಂಚಿನ ಹಲಗೆ ತನ್ನ ಶೂ ಸ್ಟ್ಯಾಂಡಿಗೆ ಹೇಳಿ ಮಾಡಿಸಿದಂತಿದೆ ಎಂದು ಪದ್ಮಾವತಿ ಕಾರಿನಲ್ಲಿಟ್ಟಳು.

ರಕ್ಷಿತ್ ಬಂದದ್ದು ಕೊನೆಗೆ, ತನ್ನ ಪಿಕಪ್ ಗಾಡಿಯಲ್ಲಿ. ಓದಲು ಬಂದು ಇಲ್ಲೇ ನಿಂತ ಹುಡುಗ. ಈಸ್ಟ್ ತಮಾಕಿಯಲ್ಲಿ ಕಿಟಕಿ ಬಾಗಿಲು ಮಾಡುವ ಕಡೆ ಕೆಲಸ. ನಲವತ್ತೆರಡರ ಗುರುದತ್‌ನನ್ನು ಎಲ್ಲರೆದುರು ಅಂಕಲ್ ಎನ್ನುತ್ತಿದ್ದ. ಗುರುದತ್ ಅವನಿಂದ ದೂರವಿರುತ್ತಿದ್ದುದಕ್ಕೆ ಬೇರೆ ಕಾರಣ ಇರಲಿಲ್ಲ.

“ಒಂದಿಂಚೂ ಜಾಸ್ತೀನೇ ಅಂಕಲ್. ಡೋರ್ ಸ್ಲೈಡ್ ಆಗಲ್ಲ, ನೀರು ಹೋಗೋ ತೂತೂ ಮುಚ್ಚಿಹೋಗುತ್ತೆ. ಅರ್ಧ ಇಂಚು ಮಾಡಿ, ಕೂರುತ್ತೆ.”

ನೆವಿಲ್ ಯಾರನ್ನೂ ಎದುರಾಡಲಿಲ್ಲ. ಈ ಜನರ ಹಬ್ಬದ ಪದ್ಧತಿಯೇ ಹೀಗಿರಬೇಕೆಂದು ಅವನು ತಿಳಿದಂತಿತ್ತು. ಅರ್ಧ ಇಂಚು ಇಳಿಯಿತು. ಆ ಚೂರು ರಕ್ಷಿತ್‌ನ ಫ್ಲಾಟ್‌ಮೇಟ್‌ಗೆ ತರಕಾರಿ ಹೆಚ್ಚಲು ಬೇಕಾಗಿತ್ತು. ಉಳಿದದ್ದರ ಬಿಗಿ ಸಡಿಲಿಸಿದ ಕೂಡಲೇ, ಇಷ್ಟು ಹೊತ್ತು ಉಸಿರು ಹಿಡಿದಿದ್ದ ಹಲಗೆ ಎಣ್ಣೆಗೆ ಬಿದ್ದ ಹಪ್ಪಳದಂತೆ ಎರಡೂ ತುದಿಯೆತ್ತಿ ಬಾಗಿ ಕೂತಿತು.

ಆಮೇಲೆ ಒಬ್ಬೊಬ್ಬರಿಗೂ ಹಬ್ಬದ ಕೆಲಸ ನೆನಪಾಯಿತು. ಮಣೆ, ಶೂ ಸ್ಟ್ಯಾಂಡು, ತರಕಾರಿ ಹಲಗೆಗಳು ರಸ್ತೆ ಹಿಡಿದವು. ಗುರುದತ್ ಬಾಗಿದ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊಟ್ಟಿನ ರಾಶಿಯ ಮೇಲೆ ಕೂತ. ಇನ್ನು ಇದು ಒಣಗಲು ಆರು ತಿಂಗಳು ಸಾಕು ಎಂದು ನೆವಿಲ್ ಸಮಾಧಾನ ಹೇಳಿದ.

ಆಗ ನೆವಿಲ್‌ನ ಮನೆಯ ಕಡೆಯಿಂದ ಬಾಗಿಲು ಬಡಿದ ಸದ್ದು ಕೇಳಿತು. ನೆವಿಲ್ ತಲೆಯೆತ್ತಿದ. ಬಡಿಯುತ್ತಿದ್ದದ್ದು ಮುಂಬಾಗಿಲು. ಅವನ ಮನೆಗೆ ಬರುವವರೆಲ್ಲ ಹಿಂದಿನಿಂದ, ಅಡುಗೆಮನೆಯ ಬಾಗಿಲಿಂದ ಬರುವವರು. ತೀರಿಕೊಂಡ ಹೆಂಡತಿ ಜೋನ್‌ಳನ್ನು ಹೊತ್ತು ಒಯ್ದ ದಿನದಿಂದ ಮುಂದಿನದನ್ನು ಅವನು ತೆರೆದಿರಲಿಲ್ಲ.

ಇಬ್ಬರೂ ಅಡುಗೆಮನೆ ದಾಟಿ, ಕತ್ತಲೆಯ ನಡುಹಾದಿಯಲ್ಲಿ ಹೋದರು. ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಇಬ್ಬರೂ ಹಿಡಿದೆಳೆದಾಗ ನರಳುತ್ತಾ ತೆರೆಯಿತು. ಹೊರಗೆ ಅಂಬುಜಾ ನರ್ಸಿನ ಉಡುಪಿನಲ್ಲೇ ನಿಂತಿದ್ದಳು. ಮನೆಗೆ ಬಂದು, ಗಂಡನನ್ನು ಕಾಣದೆ, ಹುಡುಕಿಕೊಂಡು ಬಂದಿದ್ದಳು. ಮೊದಲ ಸಲ ಒಬ್ಬರ ಮನೆಗೆ ಹಿಂಬಾಗಿಲಿಂದ ಹೋಗಬಾರದು, ಬರಿಗೈಯಲ್ಲೂ ಹೋಗಬಾರದು. ಕೈಯಲ್ಲಿ ಒಂದು ಡಬ್ಬಿ ಕೋಡುಬಳೆ ಇತ್ತು.

ಅವಳು ಗಂಡನನ್ನು ನೋಡಲಿಲ್ಲ. ಅವಳ ಕಣ್ಣು ಕೆಳಗಿತ್ತು. ನೂರು ವರ್ಷದ ಆ ಮನೆಯ ಬಾಗಿಲಿಗೆ ಅಡ್ಡಲಾಗಿ ದಪ್ಪನೆಯ ಮರದ ಹೊಸಿಲು. ಎಷ್ಟೋ ಕಾಲುಗಳು ದಾಟಿ ದಾಟಿ ನಡುವೆ ಸವೆದು ತಗ್ಗಾಗಿತ್ತು.

ಅಂಬುಜಾ ಶೂ ಬಿಚ್ಚಿದಳು. ಬಗ್ಗಿ ಆ ತಗ್ಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬಲಗಾಲು ಎತ್ತಿ ಒಳಗಿಟ್ಟಳು.

“ರೀ,” ಎಂದಳು, ಜಾತ್ರೆಯ ಜಂಗುಳಿಯಲ್ಲಿ ಅಕ್ಕನನ್ನು ಕಂಡವಳಂತೆ, “ಇವರ ಮನೇಲಿ ಹೊಸಿಲಿದೆ ರೀ.”

ಏನಂದಳೆಂದು ನೆವಿಲ್ ಕೇಳಿದ. ಗುರುದತ್ ಹೇಳಿದ. ಮುದುಕ ಹೊಸಿಲನ್ನೊಮ್ಮೆ, ಗುರುದತ್‌ನ ಕಂಕುಳಿನ ಹಪ್ಪಳವನ್ನೊಮ್ಮೆ ನೋಡಿ ಹಿಂದೆ ಹೋಗಿ ಹಾರೆ ತಂದ. ತಾನಂತೂ ಈ ಕಡೆ ಓಡಾಡುವುದಿಲ್ಲ, ಎಬ್ಬಿಸಿ ಕೊಡುತ್ತೇನೆ, ಒಯ್ದು ನಿಮ್ಮ ಬಾಗಿಲಿಗೆ ಹಾಕಿಕೊಳ್ಳಿ ಎಂದ. ಗುರುದತ್ ಬೇಡವೆನ್ನುವ ಸಂಕೋಚವನ್ನೂ ತೋರದೆ ಹಾರೆಯ ಇನ್ನೊಂದು ತುದಿ ಹಿಡಿದ.

“ಬದುಕಿರೋ ಮನೆ ಹೊಸಿಲು ಕೀಳ್ತಾರೇನ್ರೀ?” ಅಂಬುಜಾ ಹಾರೆಯ ಮೇಲೆ ಕೈಯಿಟ್ಟಳು. “ಬೇಡ ಅನ್ನಿ.” ದಿನವಿಡೀ ಇಂಗ್ಲಿಷಿನಲ್ಲೇ ದುಡಿಯುವ ಅವಳು ಗಂಡನ ಬಾಯಿಂದಲೇ ಕೇಳಿಸಿದಳು: “ನಾಳೆ ಬಂದು ಒಂಚೂರು ಅರಿಶಿನ ಹಚ್ಚಿ ಹೋಗಲಾ ಅಂತ ಕೇಳಿ.”

ಯುಗಾದಿಯ ಬೆಳಿಗ್ಗೆ ಗುರುದತ್ ಹೊಸ ಅಂಗಿ ತೊಟ್ಟು, ನೆವಿಲ್‌ನ ಮುಂಬಾಗಿಲಿನ ಅಡಿಯನ್ನು ಉಜ್ಜುಗೊರಡಿನಿಂದ ಹೆರೆಯುತ್ತಾ ಮಂಡಿಯೂರಿದ್ದ. ಬಾಗಿಲು ಸಲೀಸಾಗಿ ತೆರೆದ ಮೇಲೆ ಅಂಬುಜಾ ಹೊಸಿಲು ತೊಳೆದು ಅರಿಶಿನ ಹಚ್ಚಿದಳು. ಒಣಮರ ಅದನ್ನು ಬಾಯಾರಿದಂತೆ ಕುಡಿಯಿತು. ಮರುದಿನವೂ ಬಂದಳು, ಅದರ ಮರುದಿನವೂ. ವೀರಭದ್ರಪ್ಪನವರು ಸುದ್ದಿ ತಿಳಿದು, ಹೊಸಿಲು ಎಲ್ಲೈತೋ ಲಕ್ಷ್ಮಿ ಅಲ್ಲಿಗೇ ಹೋಗ್ತಾಳ ತಮ್ಮಾ ಎಂದು ಫೋನಿನಲ್ಲಿ ಎಚ್ಚರಿಸಿದರು. ಗುರುದತ್ ಫೋನು ಇಟ್ಟ.

ಎರಡನೆಯ ವಾರ ಅವನು ಹೊಸ ಬ್ಲೇಡು ಕೊಂಡು ತಂದುಕೊಟ್ಟ. ನೆವಿಲ್ ಕನ್ನಡಕ ಏರಿಸಿ ಮೇಲಿನ ಅಕ್ಷರ ಓದಿ, ಇದರ ಅಳತೆ ಬೇರೆ, ತನ್ನ ಯಂತ್ರಕ್ಕೆ ಕೂರುವುದಿಲ್ಲ ಎಂದು ಗೋಡೆಯ ಮೊಳೆಗೆ ತೂಗುಹಾಕಿದ. ಆದ್ದರಿಂದ ಸಾಲ ಹಾಗೇ ಇದೆ, ಶನಿವಾರ ಬಾ ಎಂದ. ಮಧ್ಯೆ ಒಂದು ದಿನ ರಜೆಯಲ್ಲಿದ್ದ ಗುರುದತ್ ಗರಗಸದ ಸದ್ದು ಕೇಳಿ ಶೆಡ್ಡಿನ ಕಡೆ ನಡೆದ. ಗೋಡೆಯ ಮೊಳೆ ಖಾಲಿ ಇತ್ತು. ಹೊಸ ಬ್ಲೇಡು ಯಂತ್ರದಲ್ಲಿ ಕೂತು ಥಳಥಳನೆ ಸುತ್ತುತ್ತಿತ್ತು. ಬೆಣ್ಣೆ ತೆಗೆದಂತೆ ಹಲಗೆ ಇಳಿಯುತ್ತಿತ್ತು. ನೆವಿಲ್ ಈ ಕಡೆ ಬೆನ್ನು ಮಾಡಿದ್ದ.

ಗುರುದತ್ ಬಂದ ದಾರಿಯಲ್ಲೇ ಸದ್ದು ಮಾಡದೆ ಹಿಂದಿರುಗಿದ. ಶನಿವಾರ ಗಮ್‌ಬೂಟು ಹಾಕಿಕೊಂಡು ಹೋಗಿ, ಸರಿಯಾದ ಅಳತೆಯ ಬ್ಲೇಡು ಎಲ್ಲೂ ಸಿಗುತ್ತಿಲ್ಲ ಎಂದ.

ನಿಧಾನವಾಗಿ ಹುಡುಕು ಎಂದ ನೆವಿಲ್.