ನಮ್ಮ ತಂಡದ ಗಂಡ

ಹೊಸಪೇಟೆಯ ಸುತ್ತಮುತ್ತ ಬೀದಿ ನಾಟಕ ಆಡಿಕೊಂಡು ತಿರುಗುವ ಒಂದು ಮಹಿಳಾ ಸಂಘಕ್ಕೆ ನಾನು ಕಾರ್ಯದರ್ಶಿ. ನಾಟಕ ಬರೆಯುವುದು, ಮೈಕ್ ಹಿಡಿಯುವುದು, ಆಮೇಲೆ ಕೂತು ವರದಿ ಬರೆಯುವುದು ನನ್ನ ಕೆಲಸ. ಹೆಂಡತಿಯನ್ನು ಹೊಡೆಯಬಾರದು, ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡಬಾರದು, ಇವೆರಡೇ ಮಾತನ್ನು ನಲವತ್ತು ನಿಮಿಷದಲ್ಲಿ ಹೇಳುವ ನಾಟಕ. ಇದನ್ನು ಯಾರೂ ತಪ್ಪು ತಿಳಿಯಲು ಸಾಧ್ಯವಿಲ್ಲ ಎಂದು ಬರೆಯುವಾಗ ನನಗೆ ಅನಿಸಿತ್ತು. ಆಮೇಲೆ ಊರೂರಿಗೆ ಹೋದೆವು. ಒಂದು ಊರಿನಲ್ಲಿ ಆದದ್ದನ್ನು ಮರೆಯುವಷ್ಟರಲ್ಲಿ ಇನ್ನೊಂದು ಊರಿನಲ್ಲಿ ಇನ್ನೊಂದು ಆಗಿರುತ್ತದೆ. ಹಾಗಾಗಿ ಮರೆಯುವುದನ್ನು ಬಿಟ್ಟು ಬರೆದಿಡುತ್ತಿದ್ದೇನೆ.

ಗಂಡ ಸಿಗಲಿಲ್ಲ

ನಾಟಕಕ್ಕೆ ಮೊದಲು ಬೇಕಾದದ್ದು ಕುಡಿದು ಬಂದು ಹೆಂಡತಿಯನ್ನು ಹೊಡೆಯುವ ಒಬ್ಬ ಗಂಡ. ಇದಕ್ಕೇನು ಕೊರತೆ ಎಂದುಕೊಂಡಿದ್ದೆವು.

ಮೊದಲು ಕೇಳಿದವನು, ನಾವು ಹೋಗುವ ಊರುಗಳ ಪಟ್ಟಿಯಲ್ಲಿ ತನ್ನ ಹೆಂಡತಿಯ ತವರೂ ಇದೆ ಎಂದು ಹಿಂದೆ ಸರಿದ. ಎರಡನೆಯವನು ಒಪ್ಪಿಕೊಂಡ, ಕೊನೆಗೆ ಗಂಡನೇ ಗೆಲ್ಲುವ ಹಾಗೆ ನಾಟಕ ತಿದ್ದಿದರೆ ಮಾತ್ರ. ಮೂರನೆಯವನನ್ನು ಕೇಳುವಾಗ ನಮಗೆ ಧೈರ್ಯವಿತ್ತು. ಅವನ ಮೇಲೆ ಅವನ ಹೆಂಡತಿ ನಮ್ಮ ಸಂಘದಲ್ಲೇ ಎರಡು ಸಲ ದೂರು ಕೊಟ್ಟಿದ್ದಳು. ಅಭ್ಯಾಸವಿದ್ದ ಮನುಷ್ಯ. ಅವನು ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ಬೇಸರದಿಂದ ಹೇಳಿದ:

"ಏನ್ ಮಾತಾಡ್ತೀರಿ ಮೇಡಂ? ನಾಕ್ ಮಂದಿ ಮುಂದ ಹೆಣ್ಮಗಳಿಗೆ ಹೊಡ್ಯಾಕ ನಾಚಿಕಿ ಆಗಲ್ಲೇನ್ರಿ? ಅದೇನಿದ್ರೂ ಮನ್ಯಾಗ."

ಕೊನೆಗೆ ಆ ಪಾತ್ರಕ್ಕೆ ಬಂದವಳು ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ ಒಗ್ಗರಣಿ-ಮಿರ್ಚಿ ಬಂಡಿ ಇಟ್ಟುಕೊಂಡಿರುವ ಹೆಂಗಸು. ಐದೂಮುಕ್ಕಾಲು ಅಡಿ ಎತ್ತರ, ಒಲೆಯ ಹೊಗೆ ಕುಡಿದು ಕುಡಿದು ದಪ್ಪವಾದ ದನಿ. ನಾಟಕದ ಹುಚ್ಚಿನಿಂದ ಬಂದವಳಲ್ಲ. ಅವಳ ಮಗಳು ಎರಡನೇ ಪಿಯುಸಿ, ಹದಿನೆಂಟು ತುಂಬಲು ಇನ್ನೂ ಏಳು ತಿಂಗಳು. ಹುಡುಗಿಗೆ ನರ್ಸಿಂಗ್ ಓದುವ ಆಸೆ. ಅವಳ ಭಾವನಿಗೆ, ಎಂದರೆ ಗಂಡನ ಅಣ್ಣನಿಗೆ, ಆ ಹುಡುಗಿಯ ಮದುವೆ ಮುಗಿಸುವ ಆಸೆ. ಅದಿರು ಲಾರಿ ಓಡಿಸುವ ಗಂಡನಿಗೆ ಅಣ್ಣ ಹೇಳಿದ್ದೇ ಆಸೆ.

ಮಕ್ಕಳ ಸಹಾಯವಾಣಿಗೆ ಫೋನ್ ಮಾಡು, ಬಂದು ನಿಲ್ಲಿಸುತ್ತಾರೆ ಎಂದೆ.

"ಅವರು ಬಂದ್ರ ಮದ್ವಿ ನಿಲ್ಲತೈತ್ರಿ ಅಕ್ಕಾರ, ನಾ ಆ ಮನ್ಯಾಗ ನಿಲ್ಲಾಕ ಆಗಲ್ಲ. ಮದ್ವಿನೂ ನಿಲ್ಲಬೇಕು, ನಾನೂ ನಿಲ್ಲಬೇಕು. ಅಂಥಾದ್ದು ಏನಾರ ಐತೇನು ನಿಮ್ಮತ್ರ?"

ನಮ್ಮತ್ರ ಇದ್ದದ್ದು ನಾಟಕ. ಅದನ್ನೇ ಕೊಟ್ಟೆವು. ಅತ್ತೆಯ ಒಪ್ಪಿಗೆ ಸಿಗುವುದು ಕಷ್ಟ ಎಂದು ನಾವೆಲ್ಲ ಮನೆಗೆ ಹೋದೆವು. ಅತ್ತೆ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಹೆಂಗಸಿನ ಪಾರ್ಟೋ, ಗಂಡಸಿನ ಪಾರ್ಟೋ?"

ಗಂಡಸಿನದು ಎಂದೆವು.

"ಹಂಗಾದ್ರ ಹೋಗ್ಲಿ. ಹೆಂಗಸಾಗಿ ಮಂದಿ ಮುಂದ ನಿಂತ್ರ ನಮ್ಮ ಮರ್ಯಾದಿ ಹೊಕ್ಕೈತಿ. ಕುಡುಕ ಆದ್ರ ಏನಿಲ್ಲ."

ಬಂಡ್ರಿಯ ಒನ್ಸ್ ಮೋರ್

ನಮ್ಮ ಕಡೆ ಕಂಪನಿ ನಾಟಕ ನೋಡಿ ಬೆಳೆದವರಿಗೆ ಒಂದು ಹಕ್ಕಿದೆ. ದೃಶ್ಯ ಮನಸ್ಸಿಗೆ ಬಂದರೆ ಒನ್ಸ್ ಮೋರ್ ಎನ್ನಬಹುದು. ಅಂದಮೇಲೆ ಆಡುವವರು ಮತ್ತೆ ಆಡಲೇಬೇಕು. ಸತ್ತ ಪಾತ್ರವೂ ಎದ್ದು ಬಂದು ಇನ್ನೊಮ್ಮೆ ಸಾಯಬೇಕು. ಬೀದಿ ನಾಟಕಕ್ಕೆ ಈ ಹಕ್ಕು ಅನ್ವಯಿಸುವುದಿಲ್ಲ ಎಂದು ನಾನು ತಿಳಿದಿದ್ದೆ.

ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ಮೊದಲ ಪ್ರದರ್ಶನ. ನಮ್ಮ ಗಂಡ ಮೀಸೆ ಅಂಟಿಸಿಕೊಂಡು, ಲುಂಗಿ ಎತ್ತಿ ಕಟ್ಟಿ, ತೂರಾಡುತ್ತ ಬಂದಳು. ಹೆಂಡತಿಯ ಪಾತ್ರ ನಮ್ಮ ಅಂಗನವಾಡಿ ಸಹಾಯಕಿಯದು, ಸಣ್ಣ ಜೀವ. ಗಂಡ ಕೈ ಬೀಸುತ್ತಾಳೆ, ಹೆಂಡತಿ ಮುಖ ತಿರುಗಿಸುತ್ತ ತನ್ನ ಎರಡು ಕೈಯನ್ನು ಸೊಂಟದ ಹತ್ತಿರ ಚಟ್ಟನೆ ಬಡಿಯುತ್ತಾಳೆ, ನೋಡುವವರಿಗೆ ಕಪಾಳಕ್ಕೆ ಬಿದ್ದಂತೆ ಕೇಳುತ್ತದೆ. ಇದನ್ನು ಹದಿನೈದು ದಿನ ಕಲಿತಿದ್ದರು. ತುಸು ಹೆಚ್ಚೇ ಕಲಿತಿದ್ದರು. ಇಡೀ ಬಯಲು ಒಂದು ಕ್ಷಣ ಉಸಿರು ಹಿಡಿಯಿತು. ನಾಟಕ ಮುಟ್ಟಿತು ಎಂದು ನನಗೆ ಕಣ್ಣೀರು ಬಂತು. ಆಗ ಹಿಂದಿನಿಂದ ಸಿಳ್ಳೆ ಬಿತ್ತು.

"ಒನ್ಸ್ ಮೋರ್."

ನಾನು ಮೈಕ್ ತೆಗೆದುಕೊಂಡು, ಇದು ಮತ್ತೆ ನೋಡುವ ದೃಶ್ಯವಲ್ಲ, ಆ ಹೆಣ್ಣುಮಗಳ ನೋವನ್ನು ಯೋಚಿಸಿ ಎಂದು ಐದು ನಿಮಿಷ ಹೇಳಿದೆ. ಎಲ್ಲರೂ ಗಂಭೀರವಾಗಿ ಕೇಳಿದರು. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಎದ್ದು ನಿಂತು ಕೈ ಮುಗಿದರು.

"ಅಮ್ಮಾರ, ನೀವು ಹೇಳೋದು ಖರೆ ಐತ್ರಿ. ಹೆಣ್ಮಕ್ಕಳಿಗೆ ಹೊಡೀಬಾರ್ದು. ಊರಿಗೆ ಊರೇ ಒಪ್ತೈತಿ. ಈಗ ಇನ್ನೊಮ್ಮಿ ಹೊಡಸ್ರಿ."

ಹೆಂಗಸರಾದರೂ ನನ್ನ ಪರ ಇರುತ್ತಾರೆ ಎಂದು ಅವರ ಕಡೆ ತಿರುಗಿದೆ. ಅವರೂ ಪಿಸುಗುಡುತ್ತಿದ್ದರು. ಒಬ್ಬಾಕೆ ಧೈರ್ಯ ಮಾಡಿ ಹೇಳಿದಳು:

"ಹೌದ್ರಿ ಅಕ್ಕಾರ, ಇನ್ನೊಮ್ಮಿ ಮಾಡಸ್ರಿ. ಗಂಡಸ್ರು ಅಡ್ಡ ನಿಂತಿದ್ರು, ನಮ್ಗ ಕಾಣಲೇ ಇಲ್ಲ."

ಉದ್ಘಾಟಕರು

ಬಂಡ್ರಿಯಿಂದ ಬಂದ ವಾರದಲ್ಲೇ ಭಾವನ ಫೋನ್. ಗಂಡು ಗೊತ್ತಾಗಿದೆ, ಬಂಡ್ರಿಯ ಮನೆತನ, ಜಲ್ದಿ ಮುಗಿಸಬೇಕು. ನಮ್ಮ ಗಂಡ ಅಂದು ಮಿರ್ಚಿಯನ್ನು ಎರಡು ಸಲ ಸೀಯಿಸಿದಳು. ಆಮೇಲೆ ಒಂದು ಉಪಾಯ ತಂದಳು. ಭಾವ ಇರುವುದು ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನಲ್ಲಿ, ಊರಿನ ನಾಲ್ಕು ಜನರಲ್ಲಿ ಒಬ್ಬ. ಅಲ್ಲಿ ನಾಟಕ ಇಟ್ಟು, ಅವನನ್ನೇ ಉದ್ಘಾಟನೆಗೆ ಕರೆದರೆ? ಇಡೀ ಊರಿನ ಮುಂದೆ ಬಾಲ್ಯವಿವಾಹ ತಪ್ಪು ಎಂದು ಮೈಕಿನಲ್ಲಿ ಹೇಳಿದ ಮನುಷ್ಯ ಮನೆಗೆ ಹೋಗಿ ಅದನ್ನೇ ಹೇಗೆ ಮಾಡಿಯಾನು?

ಇದು ಬಹಳ ಜಾಣ ಉಪಾಯ ಎಂದು ನನಗೂ ಅನಿಸಿತು. ನಮಗೆ ಅನಿಸುವುದರ ಬಗ್ಗೆ ಈಗ ನನಗೆ ಒಂದು ಅಭಿಪ್ರಾಯವಿದೆ.

ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಅವನ ಜೊತೆ ಇನ್ನೂ ಎಂಟು ಗಂಡಸರು ಬಂದು ವೇದಿಕೆ ತುಂಬಿದರು. ಒಬ್ಬೊಬ್ಬರಿಗೂ ಶಾಲು, ಹಾರ. ಪಂಚಾಯಿತಿ ಅಧ್ಯಕ್ಷೆಯ ಬದಲು ಅಧ್ಯಕ್ಷೆಯ ಗಂಡ ಬಂದಿದ್ದ. ಮೇಡಂ ಎಲ್ಲಿ ಎಂದರೆ "ಮಹಿಳಾ ಕಾರ್ಯಕ್ರಮ ಅಲ್ಲೇನ್ರೀ, ಮಂದಿಗೆ ಚಾ ಮಾಡಾಕ ನಿಂತಾಳ" ಎಂದ. ಭಾವ ಮುಕ್ಕಾಲು ಗಂಟೆ ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ಬಾಲ್ಯವಿವಾಹ ಪಿಡುಗು ಎಂದ. ಹುಡುಗಿಯರ ಕೈಗೆ ಪುಸ್ತಕ ಕೊಡಿ, ಕೂಸು ಕೊಡಬೇಡಿ ಎಂದ. ನಾನು ಅದನ್ನು ಬರೆದುಕೊಂಡೆ, ಮುಂದಿನ ನಾಟಕಕ್ಕೆ ಬೇಕಾಗಬಹುದೆಂದು. ನಮ್ಮ ಗಂಡ ಮೀಸೆಯ ಹಿಂದೆ ನಗುತ್ತಿದ್ದಳು.

ಭಾಷಣಗಳು ಮುಗಿಯುವ ಹೊತ್ತಿಗೆ ರೊಟ್ಟಿ ಬಡಿಯುವ ಹೊತ್ತಾಗಿ ಅರ್ಧ ಹೆಂಗಸರು ಎದ್ದು ಹೋಗಿದ್ದರು. ಕಾರ್ಯಕ್ರಮ ನಡೆಸುತ್ತಿದ್ದವನು ಗಡಿಯಾರ ತೋರಿಸಿ, ನಾಟಕವನ್ನು ಹತ್ತು ನಿಮಿಷಕ್ಕೆ ಇಳಿಸಿ ಎಂದ. ಹೇಗೆ ಇಳಿಸುವುದು ಎಂದೆ.

"ಹೆಂಡ್ತಿ ಪಾರ್ಟ್ ತೆಗೆದು ಆಡ್ರಿ ಮೇಡಂ. ಉಳಿದದ್ದು ಮಂದಿಗೆ ತಿಳಿತೈತಿ."

ಹೇಗೋ ಮುಗಿಸಿದೆವು. ಭಾವ ವೇದಿಕೆಯಿಂದ ಇಳಿದು, ಶಾಲು ಮಡಚಿ ಕಂಕುಳಲ್ಲಿಟ್ಟುಕೊಂಡು ನೇರ ಬಂದ. "ಭಾನುವಾರ ಹೆಣ್ಣು ನೋಡಾಕ ಬರ್ತಾರವ್ವಾ. ಉಪ್ಪಿಟ್ಟಿಗೆ ಸಣ್ಣ ರವಾ ತರಸು."

ಅವಳು ತಲೆ ಮೇಲೆ ಸೆರಗಿಲ್ಲದೆ ಲುಂಗಿಯಲ್ಲಿ ನಿಂತಿದ್ದಳು. ಮೆಲ್ಲಗೆ ಕೇಳಿದಳು, "ಈಗರ ಮೈಕಿನ್ಯಾಗ ಹೇಳಿದ್ರಲ್ರೀ ಭಾವಾರ?"

"ಅದು ಊರಿಗೆ ಹೇಳಿದ್ದವ್ವಾ. ಇದು ಮನಿ ವಿಷಯ."

ಅವಳು ಹೊಸಪೇಟೆಯಲ್ಲಿ ಬಸ್ಸಿನಿಂದ ಇಳಿಯುವಾಗ ಹೇಳಿದಳು: "ತಪ್ಪು ನಮ್ದೇ ಅಕ್ಕಾರ. ಮನಿಗೊಂದು ಮೈಕ್ ತರಸ್ಬೇಕಿತ್ತು."

ಹಂಪಿಯ ಪದ್ಧತಿ

ಭಾನುವಾರಕ್ಕೆ ಮೂರು ದಿನವಿತ್ತು. ಮೊದಲೇ ಒಪ್ಪಿಕೊಂಡಿದ್ದರಿಂದ ಹಂಪಿಯಲ್ಲಿ ಒಂದು ಪ್ರದರ್ಶನ ಮಾಡಲೇಬೇಕಾಯಿತು. ಸುತ್ತಲ ಹೆಂಗಸರು ಯಾರೂ ಬರಲಿಲ್ಲ, ಅಂಗಡಿ ಬಿಟ್ಟು ಬರಲಾಗದು ಎಂದರು. ಬಂದದ್ದು ಒಬ್ಬ ಗೈಡು ಮತ್ತು ಅವನ ಹಿಂದೆ ಟೋಪಿ ಹಾಕಿದ ಹತ್ತು ಜನ ವಿದೇಶಿಯರು. ಅವರಷ್ಟು ಶ್ರದ್ಧೆಯಿಂದ ನಮ್ಮ ನಾಟಕ ನೋಡಿದವರು ಇದುವರೆಗೆ ಇಲ್ಲ. ಕಪಾಳಕ್ಕೆ ಹೊಡೆಯುವಾಗ ಒಬ್ಬಾಕೆ ಎದೆಯ ಮೇಲೆ ಕೈ ಇಟ್ಟುಕೊಂಡಳು. ಮುಗಿದ ಮೇಲೆ ಎಲ್ಲರೂ ತಲೆ ಬಾಗಿಸಿ ನಮಸ್ಕಾರ ಮಾಡಿದರು.

ನನಗೆ ಅನುಮಾನ ಬಂತು. ಅವರಿಗೆ ಏನು ಹೇಳಿದೆ ಎಂದು ಗೈಡನ್ನು ಕೇಳಿದೆ.

"ಇದು ಇಲ್ಲಿ ಭಾಳ ವರ್ಷದಿಂದ ನಡ್ಕೊಂಡು ಬಂದ ಪದ್ಧತಿ ಅಂದೆ ಮೇಡಂ. ನಾಟಕ ಅಂದ್ರ ಎರಡು ನಿಮಿಷ ನಿಂತು ಹೋಗಿಬಿಡ್ತಾರ."

ಬೈಯಬೇಕೆಂದು ಬಾಯಿ ತೆರೆದೆ. ಅವನು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಎಂದು ಇಂದಿಗೂ ಹುಡುಕುತ್ತಿದ್ದೇನೆ.

ಹೆಣ್ಣು ನೋಡಲು ಬಂದವರು

ಭಾನುವಾರ ಅವಳು ನನ್ನನ್ನೂ ಅಂಗನವಾಡಿ ಸಹಾಯಕಿಯನ್ನೂ ಮನೆಗೆ ಕರೆದಿದ್ದಳು. ಭಾವನಿಗೆ ನಮ್ಮ ಗುರುತಿತ್ತು, ಬರುವವರಿಗೆ ಮಾತ್ರ ನಾವು ದೂರದ ನೆಂಟರು. ಮಾತಿನ ನಡುವೆ ಕಾನೂನು ಹೇಳಿ ಗಂಡಿನವರನ್ನು ಹೆದರಿಸುವುದು ನನ್ನ ಕೆಲಸ.

ಬಂಡ್ರಿಯಿಂದ ಬಂದವರು ನಾಲ್ಕು ಜನ. ಹುಡುಗ, ಅವನ ತಂದೆ, ಒಬ್ಬ ಮಾವ, ಒಬ್ಬ ಅಜ್ಜಿ. ಹುಡುಗ ಇಪ್ಪತ್ತೈದರವನು, ಗಣಿಯ ಕಚೇರಿಯಲ್ಲಿ ಕೆಲಸ, ಕೂತಲ್ಲೇ ಮೊಬೈಲು ನೋಡುತ್ತಿದ್ದ. ಭಾವ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದ. ನಮ್ಮವಳ ಗಂಡ ಅಣ್ಣನ ಹಿಂದೆ ನಿಂತಿದ್ದ. ಹುಡುಗಿ ಒಳಕೋಣೆಯಲ್ಲಿ ಸೀರೆ ಉಟ್ಟು ಸಿದ್ಧವಾಗಿದ್ದಳು, ಕೈಯಲ್ಲಿ ಜೀವಶಾಸ್ತ್ರದ ಪುಸ್ತಕ.

ನಾನು ಪೀಠಿಕೆ ಹಾಕಿ ಶುರುಮಾಡಿದೆ. ಹುಡುಗಿಗೆ ಹದಿನೆಂಟು ತುಂಬಿಲ್ಲ. ಮಾಡಿಕೊಂಡವರಿಗೆ, ಮಾಡಿಸಿದವರಿಗೆ, ಮಂತ್ರ ಹೇಳಿದವರಿಗೆ, ಎಲ್ಲರಿಗೂ ಶಿಕ್ಷೆಯಿದೆ. ಹುಡುಗನ ತಂದೆ ಪ್ರತಿ ಮಾತಿಗೂ ತಲೆಯಾಡಿಸಿದ.

"ಎಲ್ಲಾ ಗೊತ್ತೈತ್ರಿ. ನಮ್ಮೂರಾಗ ಹೆಣ್ಮಕ್ಕಳು ಬಂದು ನಾಟಕ ಮಾಡಿ ಹೇಳಿ ಹೋದ್ರು, ನಾ ದೂರ ನಿಂತು ನೋಡೀನಿ. ಭಾಳ ಉಪಯೋಗ ಆತು. ಅದಕ್ಕ ಕಾರ್ಡ್ ಮಾಡಸಲ್ಲ, ಶಾಮಿಯಾನಾ ಹಾಕಸಲ್ಲ. ಗುಡಿಯಾಗ ಹತ್ತು ಮಂದಿ ನಿಂತು ಮುಗಿಸಿಬಿಡ್ತೀವಿ."

ಒಂದು ತಿಂಗಳು ತಿರುಗಿದ್ದಕ್ಕೆ ಒಬ್ಬ ಮನುಷ್ಯನಿಗಾದರೂ ನಾಟಕ ಪೂರ್ತಿ ಅರ್ಥವಾಗಿತ್ತು. ಭಾವ ಒಳಗೆ ನೋಡಿ, "ತಟ್ಟಿ ತಗೊಂಡು ಬಾರವ್ವಾ, ಆಮ್ಯಾಲೆ ಹುಡುಗೀನ ಕರಿ" ಎಂದ.

ಅವಳು ತಲೆ ತುಂಬ ಸೆರಗು ಹೊದ್ದು ಉಪ್ಪಿಟ್ಟಿನ ತಟ್ಟೆಗಳನ್ನು ತಂದಳು. ಅಜ್ಜಿಯ ಮುಂದೆ ಬಗ್ಗಿ ಮೆಲ್ಲಗೆ, "ತಗೋರಿ ಯಜ್ಜಿ" ಎಂದಳು.

ಅಜ್ಜಿ ತಟ್ಟೆ ತೆಗೆದುಕೊಳ್ಳಲಿಲ್ಲ.

"ಇನ್ನೊಮ್ಮಿ ಮಾತಾಡು."

"ತಗೋರಿ ಯಜ್ಜಿ, ಬಿಸಿ ಐತಿ."

"ಇದು ಆ ಕುಡುಕನ ದನಿ," ಎಂದು ಅಜ್ಜಿ ಎಲ್ಲರಿಗೂ ಹೇಳಿದಳು. "ನಮ್ಮೂರಾಗ ಬಂದು ಆ ಹೆಣ್ಮಗಳಿಗೆ ಬಡಿದಾಕಿ ಈಕೀನ."

ತಂದೆ ನಕ್ಕ. "ಯವ್ವಾ, ಅದು ನಾಟಕ. ಮೀಸಿ ಹಚ್ಚಿಕೊಂಡಿದ್ರು."

"ಮೀಸಿ ಸುಳ್ಳಿರಬೌದು. ಕಪಾಳಕ್ಕ ಬಿದ್ದ ಸಪ್ಪಳ ಸುಳ್ಳೇನು? ಮೂರು ಸಲ ಬಡಿದಾಳ. ನಾ ಮುಂದ ಕುಂತು ನೋಡೀನಿ." ಅಷ್ಟರಲ್ಲಿ ಅಜ್ಜಿಯ ಕಣ್ಣು ನನ್ನ ಪಕ್ಕದಲ್ಲಿದ್ದ ಅಂಗನವಾಡಿ ಸಹಾಯಕಿಯ ಮೇಲೆ ಬಿತ್ತು. ಮುಖ ಕರಗಿತು. "ನೀನೂ ಇಲ್ಲೇ ಅದಿ ಏನವ್ವಾ? ಅಷ್ಟು ಬಡಸ್ಕೊಂಡು ಇನ್ನೂ ಈಕಿ ಮನ್ಯಾಗ ಅದಿ? ತವರಿಗೆ ಹೋಗಬಾರ್ದೇನು?"

ಸಹಾಯಕಿ ಅಭ್ಯಾಸಬಲದಿಂದ ಕಣ್ಣೊರೆಸಿಕೊಂಡಳು.

ಭಾವನಿಗೆ ಸಿಟ್ಟು ಬಂತು. "ನೀನರ ಹೇಳವ್ವಾ ಅವರಿಗೆ, ಬರೇ ನಾಟಕ ಅಂತ. ಒಂದ್ ಮಾತು ಹೇಳು, ಮುಗೀತು."

ಎಲ್ಲರೂ ಅವಳ ಕಡೆ ನೋಡಿದರು. ನಿಜವಾಗಿಯೂ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಒಳಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ತಟ್ಟೆಯನ್ನು ನೆಲಕ್ಕಿಟ್ಟಳು. ತಲೆಯ ಮೇಲಿನ ಸೆರಗನ್ನು ಇಳಿಸಿ, ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಭುಜ ಮೇಲೇರಿತು. ಕಾಲು ತುಸು ತೂರಾಡಿತು.

"ಯಾರಲೇ ಅಂವ, ಅಳಿಯಾ?" ಎಂದಳು. ಕಿಟಕಿಯ ಗಾಜು ಸಣ್ಣಗೆ ಅದುರಿತು. "ಮೊಬೈಲ್ ಒಳಗಿಡು. ಎದ್ದು ನಿಲ್ಲು."

ಹುಡುಗ ಎದ್ದು ನಿಂತ. ಮಾವನೂ ಎದ್ದು ನಿಂತ. ಭಾವನ ಹಿಂದಿದ್ದ ಅವಳ ನಿಜವಾದ ಗಂಡ ಮೊದಲೇ ನಿಂತಿದ್ದ, ಆದರೂ ಇನ್ನಷ್ಟು ನೆಟ್ಟಗಾದ.

ಅಜ್ಜಿ ಕೋಲು ಊರಿಕೊಂಡು ಬಾಗಿಲಿಗೆ ಹೊರಟಳು. ಹುಡುಗಿಯನ್ನು ಹೊರಗೆ ಕರೆಯುವ ಪ್ರಸಂಗವೇ ಬರಲಿಲ್ಲ. ಭಾವ ಅವರ ಹಿಂದೆ ಓಡಿ, ಹುಡುಗಿ ತಾಯಿಯ ಹಾಗಲ್ಲ, ಬಲು ಸಾಧು, ಒಮ್ಮೆ ನೋಡಿ ಹೋಗಿ ಎಂದು ಅಂಗಲಾಚಿದ. ಅಜ್ಜಿ ಹೊಸ್ತಿಲಲ್ಲಿ ನಿಂತು ಮೊಮ್ಮಗನ ಕೆನ್ನೆಯನ್ನು ಒಮ್ಮೆ ಸವರಿ ನೋಡಿದಳು, ಇನ್ನೂ ಪೂರ್ತಿ ಇದೆಯೋ ಇಲ್ಲವೋ ಎನ್ನುವ ಹಾಗೆ.

"ಹುಡುಗಿ ಬಂಗಾರ ಇರಬೌದಪಾ. ಕಟ್ಕೊಂಡ ಹೆಂಡ್ತಿಗೇ ಹಂಗ ಬಡ್ಯಾಕಿ, ಅಳಿಯನ್ನ ಬಿಡ್ತಾಳೇನು?"